ಇಸವಿಯ ಹಿಂದಿನ ಕಾರಣ: ಸ್ಪರ್ಧಾತ್ಮಕ ಪರೀಕ್ಷೆಗೆ ಉಡುಪಿ ಜಿಲ್ಲೆಯ ಇತಿಹಾಸ

(ಗ್ರಾಮ ಪಂಚಾಯತ್ ಅರಿವು ಕೇಂದ್ರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅಭ್ಯಾಸ ಮಾಡುತ್ತಿರುವ ಅಭ್ಯರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಭಾರತದ ಇತಿಹಾಸ ಮತ್ತು ಸಾಮಾನ್ಯ ಜ್ಞಾನದ ಪತ್ರಿಕೆಗೆ ಸಿದ್ಧರಾಗುವವರಲ್ಲಿ ಬಹುಮಂದಿ ಮೊದಲು ಕೈಗೆತ್ತಿಕೊಳ್ಳುವುದು ಒಂದು ಸಾಲಿನ ಪ್ರಶ್ನೋತ್ತರಗಳ ಕೈಪಿಡಿಯನ್ನು. ಐಹೊಳೆ ಶಾಸನವನ್ನು ರಚಿಸಿದವನು ರವಿಕೀರ್ತಿ. ಬ್ಯಾಂಕುಗಳ ರಾಷ್ಟ್ರೀಕರಣ 1969. ಪಂಚಾಯತ್ ರಾಜ್ ಎಂದರೆ 73ನೆಯ ತಿದ್ದುಪಡಿ. ಇವೆಲ್ಲವೂ ಸರಿಯಾದ ಉತ್ತರಗಳೇ. ಆದರೆ ಪ್ರಶ್ನೆಪತ್ರಿಕೆಯ ರೀತಿ ಬದಲಾಗಿದೆ. ಇಸವಿಯನ್ನು ನೇರವಾಗಿ ಕೇಳುವ ಬದಲು ನಾಲ್ಕು ಹೇಳಿಕೆಗಳನ್ನು ಕೊಟ್ಟು ಯಾವುವು ಸರಿ ಎಂದು ಕೇಳುವುದು, ಕಾಲಾನುಕ್ರಮದಲ್ಲಿ ಜೋಡಿಸಲು ಹೇಳುವುದು, ಒಂದು ಹೇಳಿಕೆಗೆ ಮತ್ತೊಂದು ಸರಿಯಾದ ಕಾರಣವೇ ಎಂದು ಪರೀಕ್ಷಿಸುವುದು ಈಗ ಸಾಮಾನ್ಯವಾಗಿದೆ. ಒಂಟಿಯಾಗಿ ಕಂಠಪಾಠ ಮಾಡಿದ ಇಸವಿ ಇಂತಹ ಪ್ರಶ್ನೆಯ ಎದುರು ನಿಲ್ಲುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತವಿರುವ ಪರೀಕ್ಷೆಯಲ್ಲಿ ಅದು ಗಳಿಸಿದ ಅಂಕವನ್ನೂ ಕಳೆಯುತ್ತದೆ.

ಕಾಪು, ಕಾರ್ಕಳ, ಹೆಬ್ರಿಯ ಗ್ರಾಮಗಳಿಂದ ಪರೀಕ್ಷೆ ಬರೆಯುವ ಅನೇಕರ ಮನೆಯಲ್ಲಿ ತಾಯಿ ಬೀಡಿ ಕಟ್ಟಿಯೋ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದೋ ಅರ್ಜಿಶುಲ್ಕವನ್ನು ಹೊಂದಿಸುತ್ತಾರೆ. ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಕೊಠಡಿ ಮಾಡಿಕೊಂಡು ತರಬೇತಿ ಪಡೆಯುವ ಅನುಕೂಲ ಎಲ್ಲರಿಗೂ ಇಲ್ಲ. ಒಂದು ಅಧಿಸೂಚನೆ ಕೈತಪ್ಪಿದರೆ ಮುಂದಿನದು ಯಾವಾಗ ಎಂದು ಹೇಳಬಲ್ಲವರಿಲ್ಲ. ವಯೋಮಿತಿ ಮಾತ್ರ ಯಾರಿಗೂ ಕಾಯುವುದಿಲ್ಲ. ಅಂತಹ ಅಭ್ಯರ್ಥಿಗೆ ಒಂದು ವಿಷಯದಲ್ಲಿ ಕೊರತೆಯಿಲ್ಲ: ಪಠ್ಯಕ್ರಮದ ದೊಡ್ಡ ಭಾಗವು ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೊಳಗೆ ಕಲ್ಲಿನಲ್ಲಿ, ಕಟ್ಟಡದಲ್ಲಿ, ಫಲಕಗಳಲ್ಲಿ ಕಾಣಸಿಗುತ್ತದೆ.

ಮೊದಲು ಕಾರ್ಕಳ. ಏಕಶಿಲಾ ಗೊಮ್ಮಟ ಮೂರ್ತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವ ಪ್ರಶ್ನೆ ಹಳೆಯದು. ಹತ್ತನೆಯ ಶತಮಾನದ ಕೊನೆಯಲ್ಲಿ ಗಂಗರ ಮಂತ್ರಿ ಚಾವುಂಡರಾಯನಿಂದ ಶ್ರವಣಬೆಳಗೊಳ, 1432ರಲ್ಲಿ ವೀರಪಾಂಡ್ಯ ಭೈರರಸನಿಂದ ಕಾರ್ಕಳ, 1604ರಲ್ಲಿ ತಿಮ್ಮಣ್ಣ ಅಜಿಲನಿಂದ ವೇಣೂರು, 1982ರಲ್ಲಿ ಧರ್ಮಸ್ಥಳ. ಇಷ್ಟು ಎಲ್ಲ ಕೈಪಿಡಿಗಳಲ್ಲಿಯೂ ಇದೆ. ಆದರೆ ಕಾರ್ಕಳದ ಶಾಸನದಲ್ಲಿ 1432 ಎಂಬ ಅಂಕಿ ಇಲ್ಲ. ಅಲ್ಲಿರುವುದು ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಶಕವರ್ಷಕ್ಕೆ 78 ಕೂಡಿಸಬೇಕು ಎಂಬ ಸೂತ್ರವನ್ನು ಕಲಿತವರಿಗೆ ಇಲ್ಲಿ 1431 ದೊರೆಯುತ್ತದೆ. ಹಾಗಾದರೆ ತಪ್ಪಿರುವುದು ಶಾಸನವೋ ಸೂತ್ರವೋ?

ಎರಡೂ ಅಲ್ಲ. ಶಕವರ್ಷ ಆರಂಭವಾಗುವುದು ಚೈತ್ರದಲ್ಲಿ, ಎಂದರೆ ಸ್ಥೂಲವಾಗಿ ಮಾರ್ಚ್-ಏಪ್ರಿಲ್ ಹೊತ್ತಿಗೆ. ಚೈತ್ರದಿಂದ ಡಿಸೆಂಬರ್ ಕೊನೆಯವರೆಗಿನ ತಿಥಿಗಳಿಗೆ 78 ಕೂಡಿಸಿದರೆ ಸರಿಹೋಗುತ್ತದೆ. ಜನವರಿ ದಾಟಿದ ಮೇಲೆ ಕ್ರಿಸ್ತವರ್ಷ ಬದಲಾಗಿದ್ದರೂ ಶಕವರ್ಷ ಹಳೆಯದೇ ಉಳಿದಿರುತ್ತದೆ; ಆಗ ಕೂಡಿಸಬೇಕಾದುದು 79. ಫಾಲ್ಗುಣವು ವರ್ಷದ ಕೊನೆಯ ಮಾಸ. ಆದ್ದರಿಂದ ಕಾರ್ಕಳದ ಪ್ರತಿಷ್ಠೆ 1432ರ ಫೆಬ್ರವರಿ 13ರಂದು ಬರುತ್ತದೆ, ಮತ್ತು ಆ ದಿನ ಲೆಕ್ಕಕ್ಕೂ ಬುಧವಾರವೇ ಆಗುತ್ತದೆ. ಅದೇ ಊರಿನ ಚತುರ್ಮುಖ ಬಸದಿಯ ಶಾಸನದ ಕಾಲ ಶಕ 1508, ವ್ಯಯ ಸಂವತ್ಸರದ ಚೈತ್ರಮಾಸ. ಅಲ್ಲಿ 78 ಕೂಡಿಸಿದರೆ ನೇರವಾಗಿ 1586. ಗೊಮ್ಮಟ ಬೆಟ್ಟಕ್ಕೂ ಚತುರ್ಮುಖ ಬಸದಿಗೂ ನಡುವೆ ಇರುವುದು ಅಲ್ಪ ದೂರ. ಒಂದೇ ಪ್ರವಾಸದಲ್ಲಿ ಎರಡು ಬಗೆಯ ಲೆಕ್ಕವೂ ಅಭ್ಯಾಸವಾಗುತ್ತದೆ. ಶಕವರ್ಷದ ಈ ಒಂದು ಅಂತರವನ್ನು ತಿಳಿದ ಅಭ್ಯರ್ಥಿಯು ಶಕವರ್ಷದಲ್ಲಿ ಕಾಲವನ್ನು ನಮೂದಿಸಿರುವ ಅನೇಕ ಶಾಸನಗಳ ಕಾಲವನ್ನು ತಾನೇ ಪರಿಶೀಲಿಸಬಲ್ಲನು.

ಇನ್ನು ಈ ಎರಡು ಇಸವಿಗಳನ್ನು ವಿಜಯನಗರದ ಇತಿಹಾಸದ ಪಕ್ಕದಲ್ಲಿ ಇಟ್ಟು ನೋಡಬೇಕು. 1432 ಎಂದರೆ ಇಮ್ಮಡಿ ದೇವರಾಯನ ಆಳ್ವಿಕೆಯ ಕಾಲ. ಅದಾಗಿ ಹನ್ನೊಂದು ವರ್ಷಕ್ಕೆ, 1443ರಲ್ಲಿ, ಹೆರಾತಿನ ಷಾರುಖ್ ದೊರೆಯ ರಾಯಭಾರಿ ಅಬ್ದುಲ್ ರಜಾಕನು ಮಂಗಳೂರಿನ ಮಾರ್ಗವಾಗಿ ವಿಜಯನಗರವನ್ನು ತಲುಪಿದನು. ಅವನು ಹಾದುಹೋದ ಕರಾವಳಿಯಲ್ಲಿ ಕಾರ್ಕಳದ ಮೂರ್ತಿ ಆಗಲೇ ನಿಂತಿತ್ತು. ಚತುರ್ಮುಖ ಬಸದಿಯ 1586 ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ತಾಳಿಕೋಟೆಯ ಯುದ್ಧ ನಡೆದದ್ದು 1565ರಲ್ಲಿ. ಅಲ್ಲಿಗೆ ವಿಜಯನಗರ ಮುಗಿಯಿತು ಎಂಬಂತೆ ಕೈಪಿಡಿಗಳು ಬರೆಯುವುದುಂಟು; ಈ ಬರವಣಿಗೆ ಅಭ್ಯರ್ಥಿಗಳಿಗೆ ಮಾಡಿರುವ ಹಾನಿ ಸಣ್ಣದಲ್ಲ. ಹಂಪಿ ಹಾಳಾದರೂ ಅರವೀಡು ವಂಶದವರು ಪೆನುಕೊಂಡೆ, ಚಂದ್ರಗಿರಿಗಳಿಂದ ಮುಂದಿನ ಶತಮಾನದವರೆಗೆ ಆಳಿದರು. ಯುದ್ಧವಾಗಿ ಇಪ್ಪತ್ತೊಂದು ವರ್ಷಗಳ ಬಳಿಕ ಕಾರ್ಕಳದ ಅರಸನು ನಾಲ್ಕು ದಿಕ್ಕಿಗೂ ಒಂದೇ ರೂಪದ ದ್ವಾರವುಳ್ಳ ಕಲ್ಲಿನ ಬಸದಿಯನ್ನು ಕಟ್ಟಿಸುವಷ್ಟು ಶಕ್ತನಾಗಿದ್ದನು. ಕೇಂದ್ರದ ಅರಸೊತ್ತಿಗೆ ಕುಸಿದಾಗ ಸಾಮಂತರು ಏನಾದರು ಎಂಬ ಪ್ರಶ್ನೆಗೆ ಕಾರ್ಕಳದ ಕಲ್ಲೇ ಉತ್ತರ.

ಆಳುಪರ ವಿಷಯವನ್ನೂ ಸಂಕ್ಷಿಪ್ತವಾಗಿ ಹೇಳಬೇಕು. ಉದ್ಯಾವರ ಮತ್ತು ಬಾರ್ಕೂರು ಅವರ ರಾಜಧಾನಿಗಳು. ಸುಮಾರು 450ರದೆಂದು ಪರಿಗಣಿಸಲಾಗುವ ಹಲ್ಮಿಡಿ ಶಾಸನದಲ್ಲಿಯೂ, ಎರಡನೆಯ ಪುಲಕೇಶಿಯನ್ನು ಕುರಿತ 634ರ ಐಹೊಳೆ ಶಾಸನದಲ್ಲಿಯೂ ಆಳುಪರ ಉಲ್ಲೇಖವಿದೆ. ರವಿಕೀರ್ತಿಯ ಹೆಸರನ್ನು ಮಾತ್ರ ನೆನಪಿಟ್ಟವರು ಅವನ ಶಾಸನದಲ್ಲಿ ತಮ್ಮ ಜಿಲ್ಲೆಯನ್ನು ಆಳಿದವರೂ ಇದ್ದಾರೆ ಎಂಬುದನ್ನು ಸೇರಿಸಿಕೊಂಡರೆ ಆ ಹೆಸರು ಮರೆಯುವುದಿಲ್ಲ.

ಆಧುನಿಕ ಕಾಲಕ್ಕೆ ಬಂದರೆ ಮೊದಲು ತಿಳಿಯಬೇಕಾದುದು ‘ಕೆನರಾ’ ಎಂಬ ಹೆಸರು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಪ್ರಾಂತ್ಯವು ಈಸ್ಟ್ ಇಂಡಿಯಾ ಕಂಪೆನಿಯ ವಶವಾಗಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಮುಂದೆ ಅದು ಉತ್ತರ, ದಕ್ಷಿಣ ಎಂದು ಎರಡಾಗಿ, 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರೆಸಿಡೆನ್ಸಿಗೆ ಹೋಯಿತು. ದಕ್ಷಿಣ ಕೆನರಾ ಮದ್ರಾಸಿನಲ್ಲಿಯೇ ಉಳಿಯಿತು. ಕಾರವಾರದವರೂ ಉಡುಪಿಯವರೂ ಬೇರೆ ಬೇರೆ ಪ್ರಾಂತ್ಯಗಳ ಪ್ರಜೆಗಳಾಗಿದ್ದುದು ಹೀಗೆ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಬಂದವು, ಕಾಸರಗೋಡು ಕೇರಳಕ್ಕೆ ಸೇರಿತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 25ರಂದು.

ಕಾಪುವಿನ ದೀಪಸ್ತಂಭ 1901ರದು. ಆ ವರ್ಷ ಭಾರತದ ವೈಸ್‌ರಾಯ್ ಆಗಿದ್ದವನು ಲಾರ್ಡ್ ಕರ್ಜನ್ (1899–1905). (ವಾಸ್ಕೋ ಡ ಗಾಮನು 1498ರಲ್ಲಿ ಬಂದಿಳಿದ ಸ್ಥಳ ಕೋಝಿಕ್ಕೋಡ್ ಬಳಿಯ ಕಾಪ್ಪಾಡ್, ಅದು ಕಾಪು ಅಲ್ಲ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ಅವನು ಇಳಿದನೆಂಬ ಐತಿಹ್ಯವನ್ನೂ ಇದರೊಡನೆ ಬೆರೆಸಬಾರದು.) ದೀಪಸ್ತಂಭದಿಂದ ಕರ್ಜನನನ್ನು ನೆನಪಿಟ್ಟರೆ ಅಲ್ಲಿಂದ ಒಂದು ಸರಪಳಿಯೇ ಬಿಚ್ಚಿಕೊಳ್ಳುತ್ತದೆ. 1904ರ ಪುರಾತನ ಸ್ಮಾರಕಗಳ ಸಂರಕ್ಷಣಾ ಅಧಿನಿಯಮ ಅವನ ಕಾಲದ್ದು. 1905ರ ಬಂಗಾಳ ವಿಭಜನೆಯೂ ಅವನದೇ. ಅದನ್ನು ವಿರೋಧಿಸಿ ಎದ್ದ ಸ್ವದೇಶಿ ಚಳವಳಿಯ ಅಲೆ ಮರುವರ್ಷವೇ ದಕ್ಷಿಣ ಕೆನರಾದಲ್ಲಿ ಬ್ಯಾಂಕಿನ ರೂಪ ತಾಳಿತು.

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದೂರರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನನ್ನು ಆರಂಭಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕದಲ್ಲಿ ಕಂಡದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ನಿಧಿ ಆರಂಭವಾಗಿ, 1910ರಲ್ಲಿ ಕೆನರಾ ಬ್ಯಾಂಕ್ ಎನಿಸಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಸೇರಿ 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಮಣಿಪಾಲವನ್ನು ಕೇಂದ್ರವಾಗಿಸಿಕೊಂಡಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಸಾಲ ಒದಗಿಸುವುದು ಅದರ ಮೊದಲ ಉದ್ದೇಶ. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ಪ್ರತಿನಿಧಿಯು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡು ಆಣೆಯಷ್ಟನ್ನೂ ಸಂಗ್ರಹಿಸುತ್ತಿದ್ದನು. ಪಿಗ್ಮಿ ಎಂಬ ಪದ ಇಂದಿಗೂ ಈ ಜಿಲ್ಲೆಯ ಅಂಗಡಿಗಳಲ್ಲಿ ಬಳಕೆಯಲ್ಲಿದೆ. ಆರ್ಥಿಕ ಸೇರ್ಪಡೆ ಎಂದು ಪಠ್ಯಪುಸ್ತಕಗಳು ಇಂದು ಕರೆಯುವ ವಿಷಯ ಇಲ್ಲಿ ಆಣೆಗಳ ಕಾಲದಲ್ಲಿಯೇ ನಡೆದಿತ್ತು.

ಈಗ ರಾಷ್ಟ್ರೀಕರಣ. 1969ರ ಜುಲೈ 19ರಂದು 14 ಬ್ಯಾಂಕುಗಳು, 1980ರ ಏಪ್ರಿಲ್ 15ರಂದು 6 ಬ್ಯಾಂಕುಗಳು. ಒಂದೇ ಪಟ್ಟಣದಲ್ಲಿ ಹುಟ್ಟಿದ ಸಿಂಡಿಕೇಟ್ ಮೊದಲ ಪಟ್ಟಿಯಲ್ಲಿ, ಅದಕ್ಕಿಂತ ಹಿರಿಯದಾದ ಕಾರ್ಪೊರೇಷನ್ ಎರಡನೆಯ ಪಟ್ಟಿಯಲ್ಲಿ ಏಕೆ? ಮಾನದಂಡವಾಗಿದ್ದುದು ಬ್ಯಾಂಕಿನ ವಯಸ್ಸಲ್ಲ, ಠೇವಣಿಯ ಮೊತ್ತ: ಮೊದಲ ಸಲ 50 ಕೋಟಿ, ಎರಡನೆಯ ಸಲ 200 ಕೋಟಿ ರೂಪಾಯಿ. ಕೆನರಾ, ಸಿಂಡಿಕೇಟ್ 1969ರಲ್ಲಿ. ಕಾರ್ಪೊರೇಷನ್, ವಿಜಯಾ 1980ರಲ್ಲಿ. 1924ರ ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿಯಿತು. 1969ರ ಕ್ರಮವನ್ನು ಆರ್.ಸಿ. ಕೂಪರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1970ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಸರಕಾರವು ಹೊಸ ಕಾನೂನನ್ನು ತಂದು 1969ರ ಜುಲೈ 19ರಿಂದಲೇ ಪೂರ್ವಾನ್ವಯವಾಗುವಂತೆ ಮಾಡಿತು. ಆದ್ದರಿಂದಲೇ ಕಾನೂನು 1970ರದ್ದಾದರೂ ದಿನಾಂಕ 1969ರದ್ದು. ಇತಿಹಾಸ, ಅರ್ಥಶಾಸ್ತ್ರ, ಸಂವಿಧಾನ ಮೂರೂ ವಿಷಯಗಳ ಪ್ರಶ್ನೆಗಳು ಇಲ್ಲಿಂದ ಏಳಬಹುದು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಈ ಮೂರು ಜೋಡಿಗಳನ್ನು ಅದಲುಬದಲು ಮಾಡಿ ಕೇಳುವುದು ಬಹಳ ಸುಲಭ, ಎಚ್ಚರ ಬೇಕು. ಹಾಜಿ ಅಬ್ದುಲ್ಲಾ ಸಾಹೇಬರ ಉಡುಪಿಯ ಮನೆಯಲ್ಲಿ ಬ್ಯಾಂಕು ನಾಣ್ಯಗಳ ಸಂಗ್ರಹಾಲಯವನ್ನು ಮಾಡಿದೆ. ನಾಣ್ಯಶಾಸ್ತ್ರದ ಅಧ್ಯಾಯವನ್ನು ಓದುವ ಮೊದಲು ಅದನ್ನು ನೋಡಿ ಬರುವುದು ಲೇಸು.

ಪಂಚಾಯತ್ ರಾಜ್ ವಿಷಯದಲ್ಲಿ ಅಭ್ಯರ್ಥಿಗಳು ಓದುತ್ತ ಕುಳಿತಿರುವ ಕೊಠಡಿಯೇ ಉದಾಹರಣೆ. 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಸಂವಿಧಾನಕ್ಕೆ ಹನ್ನೊಂದನೆಯ ಅನುಸೂಚಿಯನ್ನು ಸೇರಿಸಿತು. ಅದರಲ್ಲಿ 29 ವಿಷಯಗಳಿವೆ. ನಗರಗಳಿಗೆ ಸಂಬಂಧಿಸಿದ 74ನೆಯ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿಯಲ್ಲಿರುವುದು 18. ಕರ್ನಾಟಕದ ಅಧಿನಿಯಮ 1993ರ ಮೇ 10ರಿಂದ ಜಾರಿಯಲ್ಲಿದೆ. ಆದರೆ ಜಿಲ್ಲಾ ಮಟ್ಟದ ಚುನಾಯಿತ ಆಡಳಿತ ಕರ್ನಾಟಕಕ್ಕೆ ಆಗ ಹೊಸದಾಗಿರಲಿಲ್ಲ. 1983ರ ಕಾನೂನಿನಡಿ 1987ರಲ್ಲಿಯೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ನಡೆದಿತ್ತು. 29 ವಿಷಯಗಳ ಪಟ್ಟಿಯಲ್ಲಿ ಇಪ್ಪತ್ತನೆಯದು ಗ್ರಂಥಾಲಯ. ಅರಿವು ಕೇಂದ್ರದ ಮೇಜು, ಕುರ್ಚಿ, ದಿನಪತ್ರಿಕೆಗಳಿಗೆಲ್ಲ ಸಂವಿಧಾನದಲ್ಲಿ ಒಂದು ಸಾಲು ಆಧಾರವಾಗಿದೆ. ಗ್ರಾಮಸಭೆಯಲ್ಲಿ ಪುಸ್ತಕಗಳಿಗೆ ಬೇಡಿಕೆ ಸಲ್ಲಿಸುವ ಅಭ್ಯರ್ಥಿಯು ಅದನ್ನು ಉಲ್ಲೇಖಿಸಲು ಹಿಂಜರಿಯಬೇಕಾಗಿಲ್ಲ.

ಟಿಪ್ಪಣಿ ಬರೆಯುವಾಗ ಪುಟವನ್ನು ಎರಡಾಗಿ ಮಡಿಸಿ, ಎಡಕ್ಕೆ ಘಟನೆ ಮತ್ತು ಇಸವಿ, ಬಲಕ್ಕೆ ‘ಏಕೆ’ ಮತ್ತು ‘ಆಗ ಇಲ್ಲಿ ಏನಿತ್ತು’ ಎಂದು ಬರೆಯುವುದು ಉಪಯುಕ್ತ. ಬಲಭಾಗ ಖಾಲಿ ಉಳಿದ ಸಾಲುಗಳನ್ನೇ ಮತ್ತೆ ಓದಬೇಕು. ತುಂಬಿದ ಸಾಲುಗಳನ್ನು ಪುನಃ ಪುನಃ ಓದುವುದರಲ್ಲಿ ಸಮಯ ಕಳೆಯಬೇಕಾಗಿಲ್ಲ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಕೆಳಗಿನವುಗಳಲ್ಲಿ ಯಾವುವು ಸರಿ? (1) ಉಡುಪಿಯಲ್ಲಿ ಸ್ಥಾಪಿತವಾದ ಎರಡು ಬ್ಯಾಂಕುಗಳೂ 1969ರಲ್ಲಿ ರಾಷ್ಟ್ರೀಕರಣಗೊಂಡವು. (2) ಶಕ 1353ರ ಫಾಲ್ಗುಣ ಮಾಸವು 1431ನೆಯ ಇಸವಿಯಲ್ಲಿ ಬರುತ್ತದೆ. (3) ಗ್ರಂಥಾಲಯವು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿದೆ. (4) ದಕ್ಷಿಣ ಕೆನರಾ ಜಿಲ್ಲೆಯು 1862ರಲ್ಲಿ ಬೊಂಬಾಯಿ ಪ್ರೆಸಿಡೆನ್ಸಿಗೆ ವರ್ಗಾವಣೆಯಾಯಿತು.

ಮೂರನೆಯ ಹೇಳಿಕೆ ಮಾತ್ರ ಸರಿ. ಉಳಿದ ಮೂರರಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ಕಾರಣ ಸಹಿತ ಬರೆದು ಅರಿವು ಕೇಂದ್ರದಲ್ಲಿ ಪರಸ್ಪರ ಪರಿಶೀಲಿಸಿಕೊಳ್ಳಬಹುದು.