ಮೊಡವೆಯ ಮುಲಾಮು, ಕೈದಿಗಳ ಬೆನ್ನು

(ಉಪನ್ಯಾಸದ ಪಠ್ಯ)

ಹದಿನಾರರ ಹುಡುಗನೊಬ್ಬ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದನ್ನು ಮನೆಯವರು ಬಹುಬೇಗ ಗಮನಿಸುತ್ತಾರೆ. ಏಕೆ ನಿಲ್ಲುತ್ತಾನೆ ಎಂಬುದನ್ನು ಗಮನಿಸುವವರು ಕಡಿಮೆ. ಅವನು ಎಣಿಸುತ್ತಿರುತ್ತಾನೆ. ಹಣೆಯ ಮೇಲೆ ನಾಲ್ಕು, ಗಲ್ಲದ ಮೇಲೆ ಎರಡು, ನಿನ್ನೆ ಇಲ್ಲದ್ದು ಒಂದು. ಹುಡುಗಿಯಾದರೆ ಈ ಲೆಕ್ಕಕ್ಕೆ ನೆಂಟರಿಷ್ಟರ ಮಾತೂ ಸೇರಿಕೊಳ್ಳುತ್ತದೆ. 'ವಯಸ್ಸಿನ ಮೊಡವೆ, ತಾನಾಗಿ ಹೋಗುತ್ತೆ ಬಿಡು' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಇಲ್ಲಿ ನೆರೆದಿರುವ ಹಿರಿಯರಲ್ಲಿ ಅನೇಕರು ಈ ಸಮಾಧಾನವನ್ನು ಕೇಳಿದವರೂ ಹೌದು, ಹೇಳಿದವರೂ ಹೌದು.

ಇದು ಹೊಸ ಸಂಕಟವಲ್ಲ. ಸುಶ್ರುತ ಸಂಹಿತೆಯಲ್ಲಿ ಮೊಡವೆಗೆ 'ಮುಖದೂಷಿಕಾ' ಎಂಬ ಹೆಸರಿದೆ. ಯುವಕರ ಮುಖದ ಮೇಲೆ ಏಳುವ ಈ ಗುಳ್ಳೆಗಳನ್ನು ಅಲ್ಲಿ ಬೂರುಗದ ಮರದ ಮುಳ್ಳಿಗೆ ಹೋಲಿಸಲಾಗಿದೆ. ಬೂರುಗದ ಕಾಂಡವನ್ನು ಹತ್ತಿರದಿಂದ ನೋಡಿದವರಿಗೆ ಆ ಹೋಲಿಕೆ ಎಷ್ಟು ನಿಖರ ಎಂಬುದು ತಿಳಿಯುತ್ತದೆ. ಆದರೆ ಸಂಹಿತೆ ಇದನ್ನು ಸೇರಿಸಿರುವುದು ಕ್ಷುದ್ರ ರೋಗಗಳ ಸಾಲಿನಲ್ಲಿ. ಪ್ರಾಣಕ್ಕೆ ಅಪಾಯವಿಲ್ಲ ಎಂಬ ಅರ್ಥದಲ್ಲಿ ಅದು ಸರಿ. ಅನುಭವಿಸುವವರಿಗೆ ಮಾತ್ರ ಅದು ಕ್ಷುದ್ರವಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ಅರಿಶಿನ, ಕಡಲೆಹಿಟ್ಟು, ತೇಯ್ದ ಶ್ರೀಗಂಧ ಬಳಕೆಯಾಗುತ್ತ ಬಂದಿವೆ. ಈಗ ಅವುಗಳ ಪಕ್ಕದಲ್ಲಿ ಔಷಧಿ ಅಂಗಡಿಯ ಪುಟ್ಟ ಟ್ಯೂಬೊಂದು ಬಂದು ಕುಳಿತಿದೆ. ಅದರ ಮೇಲೆ ಟ್ರೆಟಿನಾಯಿನ್ ಎಂದೋ ಅಡಾಪಲೀನ್ ಎಂದೋ ಬರೆದಿರುತ್ತದೆ. ಇವು ರೆಟಿನಾಯ್ಡ್ ಎಂಬ ಒಂದೇ ಬಳಗಕ್ಕೆ ಸೇರಿದವು. ಈ ಬಳಗದ ಮೂಲಪುರುಷ ಎ ಜೀವಸತ್ವ. ಕ್ಯಾರೆಟ್, ಪಪ್ಪಾಯಿ, ನುಗ್ಗೆಸೊಪ್ಪಿನಿಂದ ಮೈಗೆ ಸಿಗುತ್ತದೆಂದು ಶಾಲೆಯಲ್ಲಿ ಓದುವ ಅದೇ ಜೀವಸತ್ವ.

ಈ ಮುಲಾಮು ಹಚ್ಚಿಕೊಂಡವರ ಅನುಭವಗಳನ್ನು ಕೇಳಿದರೆ ಅವುಗಳಲ್ಲಿ ವಿಚಿತ್ರವಾದ ಸಾಮ್ಯ ಕಾಣುತ್ತದೆ. ಮೊದಲ ಕೆಲವು ದಿನ ಏನೂ ಆಗುವುದಿಲ್ಲ. ಆಮೇಲೆ ಮೂಗಿನ ಪಕ್ಕ, ಬಾಯಿಯ ಮೂಲೆಗಳಲ್ಲಿ ಚರ್ಮ ಒಣಗಿ ಹೊಟ್ಟು ಏಳುತ್ತದೆ. ಮುಖ ತೊಳೆದರೆ ಉರಿ, ಬಿಸಿಲಿಗೆ ಹೋದರೆ ಇನ್ನಷ್ಟು ಉರಿ. ಮೂರು ನಾಲ್ಕು ವಾರಗಳಾಗುವ ಹೊತ್ತಿಗೆ ಕೆಲವರಿಗೆ ಮೊಡವೆ ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ. ವಾಸಿಯಾಗಲೆಂದು ಹಚ್ಚಿದ್ದು ಹೀಗೆ ಮಾಡಿತಲ್ಲ ಎಂದು ಬಹಳ ಮಂದಿ ಟ್ಯೂಬನ್ನು ಎಸೆಯುವುದು ಈ ಹಂತದಲ್ಲೇ. ತಾಳಿಕೊಂಡವರು ಬೇರೆ ಕತೆ ಹೇಳುತ್ತಾರೆ. ಎಂಟರಿಂದ ಹನ್ನೆರಡನೆಯ ವಾರದ ಹೊತ್ತಿಗೆ ಹೊಸ ಗುಳ್ಳೆ ಏಳುವುದು ಕಡಿಮೆಯಾಗುತ್ತದೆ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಬೆರಳಿಗೆ ಏನೂ ತಗುಲುವುದಿಲ್ಲ.

ವಾಸಿಯಾಗುವ ಮೊದಲು ಕೆಡುವುದೇಕೆ? ಇದಕ್ಕೆ ಮೊಡವೆ ಹುಟ್ಟುವ ಬಗೆಯನ್ನು ಅರಿಯಬೇಕು. ಚರ್ಮದ ಪ್ರತಿ ರೋಮಕೂಪದ ಜೊತೆಗೂ ಒಂದು ಎಣ್ಣೆ ಗ್ರಂಥಿ ಇರುತ್ತದೆ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಅದು ಹೆಚ್ಚು ಜಿಡ್ಡು ಸ್ರವಿಸುತ್ತದೆ. ರೋಮಕೂಪದ ಒಳಗೋಡೆಯ ಜೀವಕೋಶಗಳು ಸಹಜವಾಗಿ ಉದುರಿ ಹೊರಬರುವ ಬದಲು ಒಂದಕ್ಕೊಂದು ಅಂಟಿಕೊಂಡು ಬಿರಡೆಯಂತೆ ಕೂರುತ್ತವೆ. ಆ ಬಿರಡೆಯ ಬಾಯಿ ತೆರೆದಿದ್ದರೆ ಅದು ಕಪ್ಪು ಚುಕ್ಕೆ. ಅದು ಕೊಳೆಯೆಂದು ತಿಳಿದು ಮುಖವನ್ನು ಗಸಗಸ ಉಜ್ಜುವವರಿದ್ದಾರೆ. ಆ ಕಪ್ಪು ಕೊಳೆಯಲ್ಲ; ಚರ್ಮದ್ದೇ ವರ್ಣದ್ರವ್ಯ. ಎಷ್ಟು ಉಜ್ಜಿದರೂ ಅದು ಹೋಗದು. ಬಿರಡೆಯ ಹಿಂದೆ ಜಿಡ್ಡು ಕಟ್ಟಿ, ಅಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು, ಊತ ಬಂದಾಗ ಅದು ಕೆಂಪು ಮೊಡವೆಯಾಗುತ್ತದೆ.

ರೆಟಿನಾಯ್ಡ್ ಮಾಡುವ ಕೆಲಸ ಈ ಬಿರಡೆಯನ್ನು ಸಡಿಲಿಸುವುದು, ಹೊಸ ಬಿರಡೆ ಕಟ್ಟದಂತೆ ತಡೆಯುವುದು. ಅದು ಜೀವಕೋಶದೊಳಗೆ ಹೊಕ್ಕು ವಂಶವಾಹಿಗಳ ಮಟ್ಟದಲ್ಲೇ ಕೋಶದ ಬೆಳವಣಿಗೆಯನ್ನು ತಿದ್ದುತ್ತದೆ. ಇದಕ್ಕೆ ಕಾರಣವಾದ ಗ್ರಾಹಕಗಳನ್ನು ಫ್ರಾನ್ಸಿನ ಪಿಯರ್ ಶಾಂಬೋ ಮತ್ತು ಅಮೆರಿಕದ ರೊನಾಲ್ಡ್ ಇವಾನ್ಸ್ ಅವರ ತಂಡಗಳು 1987ರಲ್ಲಿ ಬೇರೆ ಬೇರೆಯಾಗಿ ಗುರುತಿಸಿದವು. ಕಣ್ಣಿಗೆ ಕಾಣದೆ ಒಳಗೇ ಕುಳಿತ ಬಿರಡೆಗಳು ಸಡಿಲಗೊಳ್ಳುವಾಗ ಕೆಲವು ಒಟ್ಟಿಗೇ ಮೇಲೆದ್ದು ಗುಳ್ಳೆಗಳಾಗುತ್ತವೆ ಎಂಬುದು ಮೊದಲ ವಾರಗಳ ಉಲ್ಬಣಕ್ಕೆ ವೈದ್ಯರು ಕೊಡುವ ವಿವರಣೆ.

ಇಷ್ಟು ತಿಳಿವಳಿಕೆ ಹೇಗೆ ಬಂತು? ಎ ಜೀವಸತ್ವ ಪತ್ತೆಯಾದದ್ದು 1913ರಲ್ಲಿ. ಅದರಿಂದ ಹುಟ್ಟುವ ರೆಟಿನಾಯಿಕ್ ಆಮ್ಲವನ್ನು 1946ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಲಾಯಿತು. ಇದೇ ಟ್ರೆಟಿನಾಯಿನ್. ಜರ್ಮನಿಯ ವೈದ್ಯ ಗುಂಟರ್ ಸ್ಟುಟ್‌ಗೆನ್ 1960ರ ಆಸುಪಾಸಿನಲ್ಲಿ ಇದನ್ನು ಚರ್ಮ ದಪ್ಪಗಟ್ಟುವ ಕಾಯಿಲೆಗಳಿಗೆ ಹಚ್ಚಿ ನೋಡಿದರು. ಗುಣ ಕಂಡಿತು, ಆದರೆ ಉರಿಯೂ ಅಷ್ಟೇ ಇತ್ತು. ಆ ಉರಿಯನ್ನು ದಾಟಿ ಅದನ್ನು ಮೊಡವೆಯ ಮದ್ದಾಗಿ ಮಾಡಿದ್ದು ಅಮೆರಿಕದ ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್. ಅವರು ಜೇಮ್ಸ್ ಫುಲ್ಟನ್ ಮತ್ತು ಗೆರ್ಡ್ ಪ್ಲೆವಿಗ್ ಜೊತೆ 1969ರಲ್ಲಿ ಪ್ರಕಟಿಸಿದ ಪ್ರಬಂಧ ಚರ್ಮವೈದ್ಯದಲ್ಲಿ ಒಂದು ಮೈಲಿಗಲ್ಲು. ಎರಡು ವರ್ಷಗಳಲ್ಲಿ, 1971ರಲ್ಲಿ, ರೆಟಿನ್-ಎ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು.

ಪಠ್ಯಪುಸ್ತಕದ ಚರಿತ್ರೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ಚರಿತ್ರೆಗೆ ಇನ್ನೊಂದು ಕೋಣೆ ಇದೆ, ಅದರ ಬಾಗಿಲಿಗೆ ಕಬ್ಬಿಣದ ಸರಳುಗಳಿವೆ.

ಕ್ಲಿಗ್‌ಮನ್ ಹುಟ್ಟಿದ್ದು 1916ರಲ್ಲಿ, ವಲಸೆ ಬಂದ ಬಡ ಯಹೂದಿ ಕುಟುಂಬದಲ್ಲಿ. ವೈದ್ಯರಾಗುವ ಮೊದಲು ಅವರು ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದರು. ಶಿಲೀಂಧ್ರಗಳು ಅವರ ವಿಶೇಷ ವಿಷಯ. ಆ ಪರಿಣತಿಯೇ 1951ರಲ್ಲಿ ಅವರನ್ನು ಫಿಲಡೆಲ್ಫಿಯಾ ನಗರದ ಹೋಮ್ಸ್‌ಬರ್ಗ್ ಜೈಲಿಗೆ ಕರೆತಂದಿತು. ಕೈದಿಗಳಿಗೆ ಕಾಲ್ಬೆರಳ ಸಂದಿಯ ಶಿಲೀಂಧ್ರ ಸೋಂಕು ಹರಡಿತ್ತು. ನೋಡಿ ಹೋಗಲು ಬಂದರು. ಆದರೆ ಒಳಗೆ ಕಾಲಿಟ್ಟಾಗ ಅವರ ಕಣ್ಣಿಗೆ ಬಿದ್ದದ್ದು ರೋಗಿಗಳಲ್ಲ. ಎಕರೆಗಟ್ಟಲೆ ಚರ್ಮ ಕಂಡಿತು, ಫಲವತ್ತಾದ ಹೊಲವನ್ನು ಮೊದಲ ಬಾರಿ ಕಂಡ ರೈತನಂತಾಯಿತು ಎಂಬ ಅರ್ಥದ ಮಾತನ್ನು ಅವರೇ 1966ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು. ಆ ಮಾತು ಅವರ ಹೆಸರಿಗೆ ಅಂಟಿಕೊಂಡು ಉಳಿಯಿತು.

ಆ ಹೊಲದಲ್ಲಿ ಬೇಸಾಯ 1974ರವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ನಡೆಯಿತು. ಕೈದಿಗಳ ಬೆನ್ನನ್ನು ಚೌಕಗಳಾಗಿ ವಿಂಗಡಿಸಿ ಪಟ್ಟಿ ಅಂಟಿಸಿ, ಶಾಂಪೂ, ಸುಗಂಧ, ಮುಲಾಮುಗಳನ್ನು ಪರೀಕ್ಷಿಸಲಾಯಿತು. ಔಷಧ ಕಂಪನಿಗಳಷ್ಟೇ ಅಲ್ಲ, ಅಮೆರಿಕದ ಸೈನ್ಯವೂ ಅಲ್ಲಿ ಪ್ರಯೋಗಗಳನ್ನು ಮಾಡಿಸಿತು. ಟ್ರೆಟಿನಾಯಿನ್ ಪರೀಕ್ಷೆಗಳ ಒಂದು ಭಾಗವೂ ನಡೆದದ್ದು ಅದೇ ಗೋಡೆಗಳ ಒಳಗೆ. ಇಂದು ನಮ್ಮ ಮನೆಯ ಕನ್ನಡಿಯ ಬಳಿ ಇರುವ ಟ್ಯೂಬಿಗೂ ಆ ಬೆನ್ನುಗಳಿಗೂ ಇರುವ ನಂಟು ಇದು.

ಕೈದಿಗಳು ಒಪ್ಪಿಕೊಂಡಿರಲಿಲ್ಲವೇ? ಕಾಗದಕ್ಕೆ ಸಹಿ ಹಾಕಿದ್ದರು. ಆದರೆ ಯಾರು ಆ ಕೈದಿಗಳು? ಅವರಲ್ಲಿ ಬಹುಪಾಲು ಕಪ್ಪು ಜನರು. ಎಷ್ಟೋ ಮಂದಿ ಶಿಕ್ಷೆಗೊಳಗಾದವರೂ ಅಲ್ಲ. ಜಾಮೀನಿಗೆ ಹಣವಿಲ್ಲದೆ ಒಳಗೆ ಉಳಿದ ವಿಚಾರಣಾಧೀನರು. ಜೈಲಿನ ಇತರ ಕೆಲಸಕ್ಕೆ ದಿನಕ್ಕೆ ಕೆಲವೇ ಸೆಂಟುಗಳು ಸಿಗುತ್ತಿದ್ದಾಗ ಪ್ರಯೋಗಕ್ಕೆ ಹತ್ತಾರು ಡಾಲರ್, ಕೆಲವೊಮ್ಮೆ ನೂರಾರು ಡಾಲರ್ ಸಿಗುತ್ತಿತ್ತು. ಅದರಿಂದ ಜಾಮೀನು ಕಟ್ಟಬಹುದು, ಮನೆಗೆ ಕಳಿಸಬಹುದು. ಹಚ್ಚುತ್ತಿರುವುದು ಏನು, ಅದರಿಂದ ಏನಾದೀತು ಎಂದು ಅವರಿಗೆ ಸರಿಯಾಗಿ ಹೇಳುವವರಿರಲಿಲ್ಲ. ಬೇರೆ ದಾರಿಯಿಲ್ಲದವನು ತಿಳಿಯದೆ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಬಹುದೇ? ನಾಜಿ ವೈದ್ಯರ ವಿಚಾರಣೆಯ ಬಳಿಕ 1947ರಲ್ಲಿ ರೂಪುಗೊಂಡ ನ್ಯೂರೆಂಬರ್ಗ್ ಸಂಹಿತೆ ಈ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿತ್ತು. ಒಪ್ಪುವವನಿಗೆ ಸ್ವಾತಂತ್ರ್ಯವಿರಬೇಕು, ವಿಷಯ ತಿಳಿದಿರಬೇಕು ಎಂಬುದು ಅದರ ಮೊದಲ ಸೂತ್ರ.

ಹೋಮ್ಸ್‌ಬರ್ಗ್‌ನ ಒಂದು ಪ್ರಸಂಗವಂತೂ ಕ್ರೂರ ವ್ಯಂಗ್ಯದಂತಿದೆ. ಡಯಾಕ್ಸಿನ್ ಎಂಬ ವಿಷ ಮೈಗೆ ತಗುಲಿದರೆ ಉಗ್ರವಾದ ಮೊಡವೆಗಳು ಏಳುತ್ತವೆ. ಕಾರ್ಖಾನೆಯ ಕೆಲಸಗಾರರಲ್ಲಿ ಇದನ್ನು ಕಂಡ ಡೌ ಕೆಮಿಕಲ್ ಕಂಪನಿ, ಎಷ್ಟು ಪ್ರಮಾಣದಲ್ಲಿ ಹೀಗಾಗುತ್ತದೆಂದು ತಿಳಿಯಲು ಕ್ಲಿಗ್‌ಮನ್‌ಗೆ ಹಣ ಕೊಟ್ಟಿತು. 1960ರ ದಶಕದ ಮಧ್ಯದಲ್ಲಿ ಸುಮಾರು 70 ಕೈದಿಗಳ ಚರ್ಮದ ಮೇಲೆ ಡಯಾಕ್ಸಿನ್ ಹಚ್ಚಲಾಯಿತು. ಕಂಪನಿ ಸೂಚಿಸಿದ ಪ್ರಮಾಣದಲ್ಲಿ ಹೆಚ್ಚೇನೂ ಆಗದಿದ್ದಾಗ, ಹತ್ತು ಜನರಿಗೆ ಅದರ ನೂರಾರು ಪಟ್ಟು ಹಚ್ಚಲಾಯಿತು. ಎಂಟು ಮಂದಿಗೆ ಗುಳ್ಳೆಗಳೆದ್ದವು. ನಾಲ್ಕರಿಂದ ಏಳು ತಿಂಗಳು ಅವು ಉಳಿದವು. ವಾಸಿ ಮಾಡುವ ಚಿಕಿತ್ಸೆ ಕೊಡಲಿಲ್ಲ. ಲೋಕದ ಹುಡುಗ ಹುಡುಗಿಯರ ಮೊಡವೆಗೆ ಮದ್ದು ಹುಡುಕುತ್ತಿದ್ದ ಜೈಲಿನಲ್ಲೇ ಕೈದಿಗಳ ಮೈಮೇಲೆ ಮೊಡವೆ ಬೆಳೆಸಲಾಯಿತು.

ಕಪ್ಪು ಜನರ ಸಿಫಿಲಿಸ್ ಕಾಯಿಲೆಗೆ ಚಿಕಿತ್ಸೆ ಕೊಡದೆ ಸರ್ಕಾರವೇ ದಶಕಗಟ್ಟಲೆ ನೋಡುತ್ತ ಕುಳಿತ ಟಸ್ಕೀಗಿ ಪ್ರಕರಣ 1972ರಲ್ಲಿ ಬಯಲಾದ ಮೇಲೆ ಅಮೆರಿಕದಲ್ಲಿ ಇಂಥ ಪ್ರಯೋಗಗಳ ವಿರುದ್ಧ ದನಿ ಎದ್ದಿತು. 1974ರಲ್ಲಿ ಹೋಮ್ಸ್‌ಬರ್ಗ್‌ನ ಪ್ರಯೋಗಗಳು ನಿಂತವು. 1998ರಲ್ಲಿ ಅಲೆನ್ ಹಾರ್ನ್‌ಬ್ಲಮ್ ಎಂಬ ಲೇಖಕ ಬರೆದ ಪುಸ್ತಕದಿಂದ ಇಡೀ ವಿಷಯ ಜನರ ಮುಂದೆ ಬಂತು. ಆತ ತರುಣನಾಗಿದ್ದಾಗ ಅದೇ ಜೈಲಿನಲ್ಲಿ ಕೈದಿಗಳಿಗೆ ಓದು ಬರಹ ಕಲಿಸಲು ಹೋಗಿ, ಮೈಮೇಲೆ ಪಟ್ಟಿ ಅಂಟಿಸಿಕೊಂಡ ಗಂಡಸರನ್ನು ಕಂಡು ಬೆರಗಾಗಿದ್ದರು. 2000ದಲ್ಲಿ ಸುಮಾರು 300 ಮಾಜಿ ಕೈದಿಗಳು ನ್ಯಾಯಾಲಯಕ್ಕೆ ಹೋದರು. ಕಾಲಮಿತಿ ಮೀರಿದೆ ಎಂದು ದಾವೆ ವಜಾ ಆಯಿತು. ಆ ಕಾಲದಲ್ಲಿ ಎಲ್ಲೆಡೆ ನಡೆಯುತ್ತಿದ್ದ ರೀತಿಯೇ ಅದು ಎಂದು ಕ್ಲಿಗ್‌ಮನ್ ಸಮರ್ಥಿಸಿಕೊಂಡರು. 2010ರಲ್ಲಿ ಅವರು ತೀರಿಕೊಂಡರು. ಅವರು ಕೆಲಸ ಮಾಡಿದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು. ಆ ಹೊತ್ತಿಗೆ ಕ್ಷಮೆಯನ್ನು ಕೇಳಿಸಿಕೊಳ್ಳಬೇಕಾದವರಲ್ಲಿ ಎಷ್ಟೋ ಮಂದಿ ಬದುಕಿರಲಿಲ್ಲ.

ಹಾಗಾದರೆ ಆ ಟ್ಯೂಬನ್ನು ಎಸೆದುಬಿಡಬೇಕೇ? ಎಸೆಯುವುದರಿಂದ ಯಾರ ಬೆನ್ನಿನ ಕಲೆಯೂ ಮಾಯುವುದಿಲ್ಲ. ಮದ್ದು ನಿಜವಾದ ಮದ್ದೇ. ಅದರ ಕುಲಬಾಂಧವರಾದ ಅಡಾಪಲೀನ್ 1996ರಲ್ಲಿ, ಟ್ರೈಫಾರೊಟೀನ್ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಲಕ್ಷಾಂತರ ಮುಖಗಳಿಗೆ ನೆಮ್ಮದಿ ಕೊಟ್ಟಿವೆ. ಆದರೆ ಹೋಮ್ಸ್‌ಬರ್ಗ್‌ನಿಂದ ಕಲಿಯಬೇಕಾದ ಒಂದು ಪಾಠ ಬಾಕಿ ಇದೆ. ಯಾರದೇ ಮೈಗೆ ಏನನ್ನಾದರೂ ಹಚ್ಚುವ ಮೊದಲು ಅವರಿಗೆ ತಿಳಿಸಿ ಹೇಳಬೇಕು. ಈ ಪಾಠ ಫಿಲಡೆಲ್ಫಿಯಾಕ್ಕೆ ಮಾತ್ರ ಸೇರಿದ್ದಲ್ಲ.

ನಮ್ಮಲ್ಲಿ ಟ್ರೆಟಿನಾಯಿನ್ ಒಂಟಿಯಾಗಿ ಮಾತ್ರ ಸಿಗುವುದಿಲ್ಲ. ಹೈಡ್ರೊಕ್ವಿನೋನ್ ಮತ್ತು ಒಂದು ಸ್ಟಿರಾಯ್ಡ್ ಜೊತೆ ಬೆರೆಸಿದ ಮುಲಾಮುಗಳೂ ಇವೆ. ಮುಖದ ಬಂಗಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡಬೇಕಾದ ಈ ಮದ್ದನ್ನು, ಬೆಳ್ಳಗಾಗಿಸುವ ಕ್ರೀಮ್ ಎಂದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಚ್ಚಿಕೊಂಡವರಿದ್ದಾರೆ. ಸ್ಟಿರಾಯ್ಡ್‌ನಿಂದ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣತೊಡಗಿ, ಮುಲಾಮು ನಿಲ್ಲಿಸಿದೊಡನೆ ಮುಖ ಉರಿದು ಮೊಡವೆ ಏಳುತ್ತದೆ. ಚರ್ಮವೈದ್ಯರ ಒತ್ತಾಯದ ಫಲವಾಗಿ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಆದರೂ 'ನನ್ನ ತಂಗಿ ಹಚ್ಚಿದ್ಲು, ಚೆನ್ನಾಗಾಯ್ತು' ಎಂಬ ಮಾತೇ ಎಷ್ಟೋ ಕಡೆ ಚೀಟಿಯ ಕೆಲಸ ಮಾಡುತ್ತದೆ.

ಮೊಡವೆಗೆ ರೆಟಿನಾಯ್ಡ್ ಕೊಡುವಾಗ ಹೇಳಬೇಕಾದ ಮಾತು ಒಂದು ನಿಮಿಷದ್ದು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ರಾತ್ರಿ ಹಚ್ಚಬೇಕು, ಏಕೆಂದರೆ ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ. ಮೊದಲು ದಿನ ಬಿಟ್ಟು ದಿನ ಹಚ್ಚಿ, ಚರ್ಮ ಒಗ್ಗಿದ ಮೇಲೆ ದಿನವೂ ಹಚ್ಚಬಹುದು. ನಮ್ಮಂಥ ಕಂದು ಚರ್ಮದಲ್ಲಿ ಅತಿಯಾದ ಉರಿಯೇ ಕಪ್ಪು ಕಲೆ ಉಳಿಸೀತು. ಹಗಲು ಬಿಸಿಲಿನಿಂದ ಮುಖವನ್ನು ಕಾಪಾಡಿಕೊಳ್ಳಬೇಕು. ಗರ್ಭಿಣಿಯರು, ಗರ್ಭ ಧರಿಸಬಯಸುವವರು ಬಳಸಬಾರದು. ಮೊದಲ ತಿಂಗಳು ಹೆಚ್ಚಾದಂತೆ ಕಂಡರೆ ಹೆದರಬೇಕಿಲ್ಲ, ಮೂರು ತಿಂಗಳು ಕಾಯಬೇಕು. ತಾಳಲಾರದಷ್ಟು ಉರಿಯಾದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಇಷ್ಟು ಹೇಳಿದರೆ ನಾಲ್ಕನೆಯ ವಾರದಲ್ಲಿ ಕನ್ನಡಿಯ ಮುಂದೆ ನಿಂತ ಹುಡುಗ ಟ್ಯೂಬನ್ನು ಎಸೆಯುವುದಿಲ್ಲ. ತನಗೆ ಏನಾಗುತ್ತಿದೆ ಎಂಬುದು ಅವನಿಗೆ ಗೊತ್ತಿರುತ್ತದೆ. ಹೋಮ್ಸ್‌ಬರ್ಗ್‌ನ ಕೈದಿಗಳಿಗೆ ಸಿಗದೇ ಹೋದದ್ದು ಆ ಒಂದು ನಿಮಿಷದ ಮಾತು.