ದೋಣಿಯ ಎಸಿ ಬಿಸಿ ಗಾಳಿ ಕೊಡ್ತಿಲ್ವಾ? ಮೊದಲು ನೀರು ನೋಡಿ, ಗ್ಯಾಸ್ ಮಾತು ಕೊನೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಸೂರಗೊಂಡನಕೊಪ್ಪದಿಂದ ಮಾತಾಡ್ತಿದ್ದೀನಿ. ನಮ್ಮೂರು ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳ್ತೀನಿ: ನ್ಯಾಮತಿ ತಾಲೂಕು, ಸಂತ ಸೇವಾಲಾಲರ ಜನ್ಮಸ್ಥಳ, ಫೆಬ್ರವರಿ ಜಾತ್ರೆಗೆ ಬೇರೆ ಬೇರೆ ರಾಜ್ಯದಿಂದ ಬಂಜಾರ ಜನ ಬಂದು ಸೇರೋ ಜಾಗ. ಸಮುದ್ರ ಇಲ್ಲಿಗೆ ದೂರ. ಆದ್ರೂ ಇವತ್ತಿನ ವಿಷಯ ದೋಣಿಯ ಎಸಿ. ಅದರಲ್ಲೂ, ಚಳಿಗಾಲದಲ್ಲಿ ಆ ಎಸಿ ಬಿಸಿ ಗಾಳಿ ಕೊಡದೇ ಹೋದ್ರೆ ಏನು ಮಾಡಬೇಕು ಅನ್ನೋದು.

ಇದನ್ನ ಕಟ್ಟಿಕೊಂಡು ನಮಗೇನು ಅಂತೀರಾ? ನೋಡಿ, ನಮ್ಮ ತಾಂಡಾಗಳಿಂದ ಗೋವಾಕ್ಕೆ, ಮಲೆನಾಡಿನ ತೋಟಗಳಿಗೆ, ಬೆಂಗಳೂರಿಗೆ ಗುಳೆ ಹೋಗೋದು ಹೊಸದಲ್ಲ. ಹೋದವರು ಹೆಚ್ಚಿನಂಶ ಮೈ ಮುರಿದು ದುಡಿಯೋ ಕೂಲಿ ಕೆಲಸಕ್ಕೇ ಹೋಗ್ತಾರೆ. ಐಟಿಐನಲ್ಲಿ ಫ್ರಿಜ್ ಮತ್ತು ಎಸಿ ರಿಪೇರಿ ಕಲಿಸೋ ಎರಡು ವರ್ಷದ ಕೋರ್ಸ್ ಇದೆ. ಅದನ್ನ ಮುಗಿಸಿದ ಹುಡುಗನಿಗೆ ಮನೆ ಎಸಿ ಒಂದೇ ದಾರಿ ಅಲ್ಲ. ಹಡಗು, ಪ್ರವಾಸಿ ದೋಣಿ, ದೊಡ್ಡವರ ಮೋಜಿನ ದೋಣಿ, ಎಲ್ಲದರಲ್ಲೂ ಎಸಿ ಇರುತ್ತೆ, ಎಲ್ಲವೂ ಕೆಡುತ್ತೆ. ರಿಪೇರಿ ಗೊತ್ತಿರೋನಿಗೆ ಕೂಲಿ ಅಲ್ಲ, ಸಂಬಳ ಸಿಗುತ್ತೆ. ಅದಕ್ಕೇ ಈ ಸಂಚಿಕೆ.

ನಾನು ಬಿ.ಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಹಾಗಾಗಿ ಇದನ್ನ ಲೆಕ್ಕದ ಕಣ್ಣಲ್ಲೇ ನೋಡ್ತೀನಿ: ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ.

ಎಸಿಯಿಂದ ಬಿಸಿ ಹೇಗೆ ಬರುತ್ತೆ?

ಮನೆಯ ಫ್ರಿಜ್ ಹಿಂದೆ ಅಥವಾ ಪಕ್ಕಕ್ಕೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತೆ. ಒಳಗಿಟ್ಟ ಹಾಲು, ಸಾರು, ತರಕಾರಿಯಲ್ಲಿದ್ದ ಶಾಖವನ್ನ ಫ್ರಿಜ್ ಹೊತ್ತು ತಂದು ಹೊರಗೆ ಹಾಕ್ತಿದೆ. ಎಸಿ ಮಾಡೋದೂ ಅದನ್ನೇ: ಶಾಖವನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದು.

ಮನೆ ಎಸಿ ಆ ಶಾಖವನ್ನ ಹೊರಗಿನ ಗಾಳಿಗೆ ಬಿಡುತ್ತೆ. ಮೋಜಿನ ದೋಣಿಗಳಲ್ಲಿ ಹಾಕೋ ಎಸಿ ಸಾಮಾನ್ಯವಾಗಿ ನೀರಿಗೆ ಬಿಡುತ್ತೆ. ದೋಣಿಯ ತಳದಲ್ಲಿ ಒಂದು ತೂತು, ಅದಕ್ಕೆ ಸೀಕಾಕ್ ಅನ್ನೋ ವಾಲ್ವ್, ಆಮೇಲೆ ಕಸ ತಡೆಯೋ ಸ್ಟ್ರೈನರ್, ಆಮೇಲೆ ಪಂಪು. ಸಮುದ್ರದ ನೀರು ಒಳಗೆ ಬಂದು, ಎಸಿಯ ಕಾಯಿಲ್ ಸುತ್ತಿ, ಪಕ್ಕದ ಪೈಪಿಂದ ಹೊರಗೆ ಬೀಳುತ್ತೆ.

ಬಿಸಿ ಬೇಕಾದಾಗ ಇದೇ ಯಂತ್ರ ಉಲ್ಟಾ ಓಡುತ್ತೆ. ರಿವರ್ಸಿಂಗ್ ವಾಲ್ವ್ ಅನ್ನೋ ಸಣ್ಣ ಭಾಗ ಗ್ಯಾಸ್ ಹರಿಯೋ ದಿಕ್ಕನ್ನ ತಿರುಗಿಸುತ್ತೆ. ಆಗ ಎಸಿ ಸಮುದ್ರದ ನೀರಿಂದ ಶಾಖ ಎಳೆದು ಕೋಣೆಗೆ ಕೊಡುತ್ತೆ. ನೀರು ಕೈಗೆ ತಣ್ಣಗೆ ಅನ್ನಿಸಿದ್ರೂ ಅದರಲ್ಲಿ ಶಾಖ ಇದ್ದೇ ಇದೆ. ಇಷ್ಟು ಅರ್ಥ ಆದ್ರೆ ಅರ್ಧ ರಿಪೇರಿ ಮುಗೀತು.

ಕೈಯಲ್ಲೇ ಇರೋ ಎರಡು ಪರೀಕ್ಷೆ

ಮೊದಲನೆಯದು ಸೆಟ್ಟಿಂಗ್. ಹೀಟ್ ಮೋಡ್‌ನಲ್ಲಿದೆಯಾ? ಸೆಟ್ ಮಾಡಿದ ತಾಪಮಾನ ಕೋಣೆಯ ತಾಪಮಾನಕ್ಕಿಂತ ಹೆಚ್ಚಿದೆಯಾ? ಆನ್ ಮಾಡಿದ ತಕ್ಷಣ ಕಂಪ್ರೆಸರ್ ಶುರು ಆಗ್ಲಿಲ್ಲ ಅಂತ ಗಾಬರಿ ಬೇಡ, ಕೆಲವು ನಿಮಿಷ ತಡ ಮಾಡಿ ಶುರುವಾಗೋ ಹಾಗೇ ಅದನ್ನ ಮಾಡಿರ್ತಾರೆ. ಇನ್ನೊಂದು, ಕೆಲವು ಮಾಡೆಲ್ ಬರೀ ತಂಪಿಗೆ ಮಾತ್ರ. ಅದರಿಂದ ಬಿಸಿ ಕೇಳೋದು ತಪ್ಪು. ಪುಸ್ತಕ ನೋಡಿ.

ಎರಡನೆಯದು ಗಾಳಿಯ ಫಿಲ್ಟರ್. ಇಲ್ಲೊಂದು ಮಜಾ ಇದೆ. ತಂಪಿನಲ್ಲಿ ಓಡುವಾಗ ಶಾಖ ಹೊರಗೆ ಹೋಗೋ ದಾರಿ ನೀರು. ನೀರು ಕಡಿಮೆ ಆದ್ರೆ ಗ್ಯಾಸಿನ ಒತ್ತಡ ಏರಿ ಯಂತ್ರ ತಾನೇ ನಿಲ್ಲುತ್ತೆ. ಬಿಸಿಯಲ್ಲಿ ಓಡುವಾಗ ಶಾಖ ಹೊರಗೆ ಹೋಗೋ ದಾರಿ ಕೋಣೆಯ ಗಾಳಿ. ಫಿಲ್ಟರ್‌ನಲ್ಲಿ ಧೂಳು ತುಂಬಿದ್ರೆ ಶಾಖ ಅಲ್ಲೇ ಕಟ್ಟಿಕೊಳ್ಳುತ್ತೆ, ಒತ್ತಡ ಏರುತ್ತೆ, ಯಂತ್ರ ನಿಲ್ಲುತ್ತೆ. ಅಂದ್ರೆ ಪರದೆ ಮೇಲೆ 'ಹೈ ಪ್ರೆಷರ್' ಅನ್ನೋ ಒಂದೇ ಎಚ್ಚರಿಕೆಗೆ ಬೇಸಿಗೆಯಲ್ಲಿ ನೀರಿನ ಕಡೆ ನೋಡಬೇಕು, ಚಳಿಗಾಲದಲ್ಲಿ ಫಿಲ್ಟರ್ ಕಡೆ ನೋಡಬೇಕು. ಫಿಲ್ಟರ್ ತೊಳೆಯೋಕೆ ಒಂದು ಬಕೆಟ್ ನೀರು ಸಾಕು. ಒಣಗಿಸಿ ಹಾಕಿ.

ಪಂಪ್‌ಸೆಟ್ ಗೊತ್ತಿದ್ರೆ ಇದೂ ಗೊತ್ತು

ಈಗ ನೀರು. ಹೊನ್ನಾಳಿ ಕಡೆ ತುಂಗಭದ್ರೆಯ ದಂಡೆ ಮೇಲೆ ಮೋಟ್ರು ಇಟ್ಟು ಗದ್ದೆಗೆ, ಅಡಿಕೆ ತೋಟಕ್ಕೆ ನೀರು ಹಾಯಿಸೋರನ್ನ ಕೇಳಿ. ಮೋಟ್ರು ಓಡ್ತಿದೆ, ನೀರು ಬರ್ತಿಲ್ಲ ಅಂದ್ರೆ ಅವರು ಮೊದಲು ಹೇಳೋದು ಎರಡೇ: ಫುಟ್‌ವಾಲ್ವ್ ಜಾಲರಿಗೆ ಕಸ ಕಟ್ಟಿದೆ, ಇಲ್ಲಾ ಏರ್ ತಗೊಂಡಿದೆ. ದೋಣಿಯಲ್ಲೂ ಅದೇ ಕಥೆ. ಹೆಸರು ಮಾತ್ರ ಬೇರೆ.

ದೋಣಿಯ ಪಕ್ಕದಿಂದ ಹೊರಗೆ ಬೀಳೋ ನೀರಿನ ಧಾರೆ ನೋಡಿ. ದಪ್ಪಗೆ, ಬಿಡದೆ ಬೀಳ್ತಿರಬೇಕು. ಒಂದು ಟನ್ ಎಸಿಗೆ ನಿಮಿಷಕ್ಕೆ ಸುಮಾರು 11 ಲೀಟರ್ ಬೇಕು. ಬಕೆಟ್ ಹಿಡಿದು, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ಅಳೀರಿ. ಹೀಟ್ ಮೋಡ್‌ನಲ್ಲಿ ಆ ನೀರು ಒಳಗೆ ಹೋದಾಗ ಇದ್ದದ್ದಕ್ಕಿಂತ ಸ್ವಲ್ಪ ತಣ್ಣಗಾಗಿ ಹೊರಗೆ ಬರಬೇಕು. ಬರ್ತಿದ್ರೆ ಯಂತ್ರ ಶಾಖ ಎಳೀತಿದೆ ಅಂತ ಅರ್ಥ.

ಧಾರೆ ಸಣ್ಣದಾಗಿದ್ರೆ ಸ್ಟ್ರೈನರ್ ಬಿಚ್ಚಿ ತೊಳೀಬೇಕು. ದಯವಿಟ್ಟು ಇಲ್ಲಿ ಗಮನ ಕೊಡಿ. ಮೊದಲು ಕರೆಂಟ್ ಮೇನ್ ಆಫ್, ಆಮೇಲೆ ಸೀಕಾಕ್ ಬಂದ್, ಆಮೇಲೆ ಸ್ಟ್ರೈನರ್. ಇವೆಲ್ಲ ನೀರಿನ ಮಟ್ಟಕ್ಕಿಂತ ಕೆಳಗಿರ್ತವೆ. ಸೀಕಾಕ್ ತೆರೆದಿಟ್ಟು ಸ್ಟ್ರೈನರ್ ಬಿಚ್ಚಿದ್ರೆ ಸಮುದ್ರವೇ ಒಳಗೆ ಬರುತ್ತೆ. ಹೊಲದ ಮೋಟ್ರಿಗೂ ದೋಣಿಯ ಮೋಟ್ರಿಗೂ ದೊಡ್ಡ ವ್ಯತ್ಯಾಸ ಇದೇ: ಅಲ್ಲಿ ತಪ್ಪಿದ್ರೆ ಬೆಳೆಗೆ ನೀರಿಲ್ಲ, ಇಲ್ಲಿ ತಪ್ಪಿದ್ರೆ ದೋಣಿಯೇ ಇಲ್ಲ. ತೊಳೆದು ಮುಚ್ಚಿದ ಮೇಲೆ ಸೀಕಾಕ್ ಮತ್ತೆ ತೆರೆಯೋದು ಮರೀಬೇಡಿ, ಇಲ್ಲಾಂದ್ರೆ ಪಂಪು ಒಣಗಿ ಓಡುತ್ತೆ.

ಜಾಲರಿ ಸ್ವಚ್ಛ ಇದ್ರೂ ನೀರಿಲ್ಲ ಅಂದ್ರೆ ಏರ್ ಹಿಡಿದಿರಬಹುದು. ಈ ಪಂಪುಗಳು ಬಹುತೇಕ ಸೆಂಟ್ರಿಫ್ಯೂಗಲ್, ತಾವಾಗಿ ನೀರು ಮೇಲೆಳೆಯಲ್ಲ. ಅದಕ್ಕೇ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸ್ತಾರೆ. ಪೈಪು ತಳದಿಂದ ಎಸಿ ತನಕ ಏರ್ತಾನೇ ಹೋಗಬೇಕು. ನಡುವೆ ಡೊಂಕು ಬಿದ್ದು ಮೇಲೆ ಕೆಳಗೆ ಆಗಿದ್ರೆ ಗಾಳಿ ಅಲ್ಲೇ ನಿಲ್ಲುತ್ತೆ. ಪಂಪಿನ ಹೊರದಾರಿಯ ಪೈಪು ಸಡಿಲಿಸಿ ಗಾಳಿ ಬಿಟ್ರೆ ನೀರು ಹಿಡಿಯುತ್ತೆ. ಉಪ್ಪುನೀರಿನಲ್ಲಿ ಇನ್ನೊಂದು ಕಾಟ ಅಂದ್ರೆ ಚಿಪ್ಪಿನ ಜೀವಿಗಳು. ತಳದ ತೂತಿನಲ್ಲಿ, ಪೈಪಿನ ಒಳಗೆ ಮನೆ ಕಟ್ಟಿಕೊಂಡು ದಾರಿ ಕಟ್ಟಿಬಿಡ್ತವೆ.

ತಂಪು ಬರುತ್ತೆ, ಬಿಸಿ ಬರಲ್ಲ ಅಂದ್ರೆ

ಗಾಳಿ ಸರಿ ಇದೆ, ನೀರು ಸರಿ ಇದೆ, ಆದ್ರೂ ಬಿಸಿ ಇಲ್ಲ. ಈಗ ಎಸಿಯನ್ನ ಕೂಲ್ ಮೋಡ್‌ಗೆ ಹಾಕಿ. ಚೆನ್ನಾಗಿ ತಂಪಾಗ್ತಿದ್ರೆ ಕಂಪ್ರೆಸರ್ ಮತ್ತು ಗ್ಯಾಸ್ ಮೇಲೆ ಅನುಮಾನ ಪಡೋ ಅಗತ್ಯ ಬಹಳ ಕಡಿಮೆ. ಆಗ ಅನುಮಾನ ರಿವರ್ಸಿಂಗ್ ವಾಲ್ವ್ ಮೇಲೆ. ಹೀಟ್‌ಗೆ ಹಾಕಿದ್ರೂ ತಣ್ಣನೆ ಗಾಳಿಯೇ ಬಂದ್ರೆ ಅದು ತಂಪಿನ ಕಡೆಯೇ ಸಿಕ್ಕಿಕೊಂಡಿದೆ ಅಂತ ಲೆಕ್ಕ. ಬಹಳ ದಿನ ಬಳಸದೇ ಇದ್ರೆ ಹೀಗಾಗುತ್ತೆ. ಕೂಲ್, ಹೀಟ್, ಕೂಲ್, ಹೀಟ್ ಅಂತ ಕೆಲವು ಸಲ ಬದಲಾಯಿಸಿ ನೋಡಿ, ಪ್ರತಿ ಸಲ ಕಂಪ್ರೆಸರ್ ಶುರುವಾಗೋ ತನಕ ಕಾಯಿರಿ. ಹೀಟ್ ಮೋಡ್‌ನಲ್ಲಿ ಓಡುವಾಗ ರಬ್ಬರ್ ಸುತ್ತಿಗೆಯಿಂದ ವಾಲ್ವ್ ಮೇಲೆ ಮೆಲ್ಲಗೆ ತಟ್ಟೋದೂ ಉಂಟು. ಮೆಲ್ಲಗೆ ಅಂದ್ರೆ ಮೆಲ್ಲಗೆ, ತೆಂಗಿನಕಾಯಿ ಒಡೆಯೋ ಹಾಗಲ್ಲ. ಅದಕ್ಕೂ ಬಗ್ಗದಿದ್ರೆ ವಾಲ್ವ್‌ನ ಕರೆಂಟ್ ಕಾಯಿಲ್ ಪರೀಕ್ಷಿಸೋಕೆ ಟೆಕ್ನಿಷಿಯನ್ ಬರಲಿ.

ತಂಪೂ ಇಲ್ಲ, ಬಿಸಿಯೂ ಇಲ್ಲ, ಕಂಪ್ರೆಸರ್ ಮಾತ್ರ ಓಡ್ತಿದೆ ಅಂದಾಗ ಗ್ಯಾಸ್ ಮಾತು ಬರಬೇಕು. ಅಲ್ಲೂ ಒಂದು ಪ್ರಶ್ನೆ ಕೇಳಿ: "ಸೋರಿಕೆ ಎಲ್ಲಿ?" ಎಸಿ ಗ್ಯಾಸ್ ಗಾಡಿಯ ಪೆಟ್ರೋಲ್ ಥರ ಓಡಿದಷ್ಟೂ ಖರ್ಚಾಗಲ್ಲ. ಕಡಿಮೆ ಆಗಿದೆ ಅಂದ್ರೆ ಸೋರಿದೆ. ಸೋರಿಕೆ ಮುಚ್ಚದೇ ಗ್ಯಾಸ್ ತುಂಬಿದ್ರೆ ತೂತು ಬಿಂದಿಗೆಗೆ ನೀರು ಹೊತ್ತ ಹಾಗೆ, ಬಿಲ್ಲು ಮಾತ್ರ ಪ್ರತಿ ಸಲ ಹೊಸದು. ಜೊತೆಗೆ, ಬಹಳ ಎಸಿಗಳಲ್ಲಿರೋ ಆರ್-410ಎ ಗ್ಯಾಸ್ ಹೊರಗೆ ಬಿಟ್ರೆ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 2,000 ಪಟ್ಟಿಗೂ ಹೆಚ್ಚು ಭೂಮಿಯನ್ನ ಬಿಸಿ ಮಾಡುತ್ತೆ.

ಯಂತ್ರದ್ದು ತಪ್ಪೇ ಇಲ್ಲದಾಗ

ಕೊನೆಯದಾಗಿ, ನೀರಿನ ತಾಪಮಾನ. ಮಂಗಳೂರು, ಮಲ್ಪೆ, ಕಾರವಾರದ ಸಮುದ್ರ ಚಳಿಗಾಲದಲ್ಲೂ ಬೆಚ್ಚಗೇ ಇರುತ್ತೆ. ಅಲ್ಲಿ ದೋಣಿಗೆ ಬಿಸಿ ಗಾಳಿ ಬೇಕಾಗೋದೇ ಅಪರೂಪ. ಆದ್ರೆ ಕೆಲಸಕ್ಕೆ ಉತ್ತರ ಯೂರೋಪಿನ ಕಡೆ ಹೋದ್ರೆ ಲೆಕ್ಕ ಬೇರೆ, ಬಾಲ್ಟಿಕ್ ಸಮುದ್ರದಲ್ಲಿ ಚಳಿಗಾಲಕ್ಕೆ ಮಂಜುಗಡ್ಡೆ ಕಟ್ಟುತ್ತೆ. ನೀರು ಸುಮಾರು 4-5 ಡಿಗ್ರಿಗಿಂತ ಕೆಳಗೆ ಇಳಿದ್ರೆ ಅದರಿಂದ ಶಾಖ ಎಳೆಯೋದು ಈ ಎಸಿಗಳಿಗೆ ಕಷ್ಟ. ಕಾಯಿಲ್‌ನಲ್ಲಿ ನೀರೇ ಗಟ್ಟಿಯಾಗಬಹುದು. ಆಗ ರಿಪೇರಿ ಮಾಡೋಕೆ ಏನೂ ಇಲ್ಲ. ಬೇರೆ ಹೀಟರ್ ಬೇಕು ಅಂತ ಮಾಲೀಕರಿಗೆ ನೇರವಾಗಿ ಹೇಳೋದೇ ಸರಿಯಾದ ಕೆಲಸ.

ಇದನ್ನ ಹೇಳದೇ ಮುಗಿಸೋ ಹಾಗಿಲ್ಲ. ಬಿಸಿ ಬರ್ತಿಲ್ಲ ಅಂತ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಿಕೊಂಡು, ಗ್ಯಾಸ್ ಒಲೆ ಉರಿಸಿಕೊಂಡು ಮಲಗಬೇಡಿ. ದೋಣಿ ಆದ್ರೂ ಅಷ್ಟೇ, ಲೇಬರ್ ಶೆಡ್ ಆದ್ರೂ ಅಷ್ಟೇ. ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತೆ. ಇನ್ನೊಂದು ಕಂಬಳಿ ಹೊದ್ದುಕೊಳ್ಳಿ, ದಡಕ್ಕೆ ಬಂದು ಮಲಗಿ. ಎಸಿ ನಾಳೆ ರಿಪೇರಿ ಆಗುತ್ತೆ.

ಹಾಗಾದ್ರೆ ಕ್ರಮ ಇಷ್ಟು: ಸೆಟ್ಟಿಂಗ್, ಫಿಲ್ಟರ್, ನೀರಿನ ಧಾರೆ, ಸ್ಟ್ರೈನರ್, ಏರ್, ನೀರಿನ ತಾಪಮಾನ, ವಾಲ್ವ್. ಇವೆಲ್ಲ ಆದ ಮೇಲೆ ಗ್ಯಾಸ್. ಮೊದಲ ಮಾತಿಗೇ "ಗ್ಯಾಸ್ ಹಾಕಬೇಕು ಸಾರ್" ಅನ್ನೋನು ಒಂದು ಬಿಲ್ಲು ಗಳಿಸ್ತಾನೆ. ಬಕೆಟ್ ಹಿಡಿದು ನೀರು ಅಳೆಯೋನನ್ನ ಮಾಲೀಕರು ಮುಂದಿನ ವರ್ಷವೂ ಕರೀತಾರೆ.

ಐಟಿಐ ಓದ್ತಿರೋ ತಮ್ಮ, ತಂಗಿ, ಗೆಳೆಯರು ಇದ್ರೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.