ಕೇಳದೇ ಬಂದ ಕಂತುಗಳು



ರೇಡಿಯೋಗೆ ಒಂದು ಹಠವಿದೆ. ನಾನು ಇಲ್ಲಿ ಮಾತಾಡುವ ಹೊತ್ತಿಗೆ ನೀವು ಅಲ್ಲಿ ಇರಲೇಬೇಕು. ನಡುವೆ ಕುಕ್ಕರ್ ಕೂಗಿ ಎದ್ದು ಹೋದಿರೋ, ವಾಪಸ್ ಬರುವಷ್ಟರಲ್ಲಿ ನಾನು ಬೇರೆಲ್ಲೋ ಇರುತ್ತೇನೆ. ಈ ಹಠವನ್ನು ಪಾಡ್‌ಕಾಸ್ಟ್ ಮುರಿಯಿತು ಎನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಮುರಿಯಲು ನೆರವಾದ ಒಂದು ಏರ್ಪಾಟಿನ ಕಡೆ ಮಾತ್ರ ಯಾರೂ ಅಷ್ಟಾಗಿ ನೋಡಿಲ್ಲ. ಹೊಸ ಕಂತು ಬಂದಿದೆಯೇ ಎಂದು ತಾನೇ ವಿಚಾರಿಸಿ, ನಾವು ಗುಂಡಿ ಒತ್ತುವ ಮೊದಲೇ ಅದನ್ನು ತಂದಿಡುವ ಸ್ವಯಂಚಾಲಿತ ಡೌನ್‌ಲೋಡ್ ಅದು. ಇವತ್ತಿನ ಮಾತು ಅದರ ಬಗ್ಗೆ.

2000ನೇ ಇಸವಿಯ ಇಂಟರ್‌ನೆಟ್ಟನ್ನು ನೆನಪಿಸಿಕೊಳ್ಳಿ. ಅರ್ಧ ಗಂಟೆಯ ಮಾತಿನ ಎಂಪಿ3, ಸಾಧಾರಣ ಗುಣಮಟ್ಟದ್ದೆಂದರೂ, ಸುಮಾರು 29 ಎಂಬಿ. ಟೆಲಿಫೋನ್ ತಂತಿಗೆ ಹಾಕಿದ 56 ಕೆಬಿಪಿಎಸ್ ಮೋಡೆಮ್ಮು ತನ್ನ ಪೂರ್ತಿ ವೇಗದಲ್ಲಿ ಓಡಿದರೂ ಅದು ಇಳಿಯಲು ಒಂದು ಗಂಟೆ ದಾಟುತ್ತಿತ್ತು. ಪೂರ್ತಿ ವೇಗದಲ್ಲಿ ಅದು ಎಂದೂ ಓಡುತ್ತಿರಲಿಲ್ಲ, ಆ ಮಾತು ಬೇರೆ. ಅರ್ಧ ಗಂಟೆ ಕೇಳಲು ಒಂದೂವರೆ ಗಂಟೆ ಕಾಯುವವರು ಯಾರು?

ಎಂಟಿವಿಯಲ್ಲಿ ನಿರೂಪಕನಾಗಿ ಹೆಸರು ಮಾಡಿದ್ದ ಆ್ಯಡಂ ಕರಿ ಇದನ್ನೇ ತಲೆಗೆ ಹಚ್ಚಿಕೊಂಡ. ಅವನ ತರ್ಕ ಸರಳ. ಸಂಪರ್ಕ ನಿಧಾನವಾಗಿರುವುದು ದೊಡ್ಡ ತೊಂದರೆಯಲ್ಲ, ಒತ್ತಿದ ಮೇಲೆ ಕಾಯಬೇಕಾಗಿರುವುದು ತೊಂದರೆ. ಕಂಪ್ಯೂಟರಿನ ಮುಂದೆ ಯಾರೂ ಇಲ್ಲದ ಹೊತ್ತಿನಲ್ಲಿ ಅದು ಫೈಲನ್ನು ತಂದಿಟ್ಟುಕೊಳ್ಳಲಿ. ಪೂರ್ತಿ ಬಂದ ಮೇಲಷ್ಟೇ 'ಹೊಸದು ಬಂದಿದೆ' ಎನ್ನಲಿ. ಒತ್ತಿದ ಕ್ಷಣವೇ ಶುರುವಾಗುತ್ತದೆ. ಇಂಟರ್‌ನೆಟ್ ಒಂದಿಷ್ಟೂ ವೇಗವಾಗಿಲ್ಲ, ಆದರೆ ಕಾಯುವುದು ತಪ್ಪಿತು. ಈ ವಿಚಾರ ಹಿಡಿದು ಅವನು ನ್ಯೂಯಾರ್ಕಿನಲ್ಲಿ ಡೇವ್ ವೈನರ್ ಎಂಬ ಸಾಫ್ಟ್‌ವೇರ್ ತಜ್ಞನನ್ನು ಕಂಡ. ವೈನರ್‌ಗೆ ಮೊದಲು ಇದರ ತಲೆಬುಡ ಹತ್ತಲಿಲ್ಲವಂತೆ.

ವೈನರ್ ಕೈಯಲ್ಲಿ ಆಗ ಆರ್‌ಎಸ್‌ಎಸ್ ಇತ್ತು. ಒಂದು ಜಾಲತಾಣದಲ್ಲಿ ಹೊಸದಾಗಿ ಏನು ಬಂತು ಎಂದು ಯಂತ್ರಗಳಿಗೆ ಅರ್ಥವಾಗುವ ಹಾಗೆ ಬರೆದಿಡುವ ಪಟ್ಟಿ ಅದು. ಫೀಡ್ ಎನ್ನುತ್ತೇವಲ್ಲ, ಅದೇ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಅದರ ಮೊದಲ ರೂಪ ಕೊಟ್ಟವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. ವೈನರ್ ತನ್ನ ಆವೃತ್ತಿಗೆ, ಅಂದರೆ 2000ದ ಡಿಸೆಂಬರಿನ ಆರ್‌ಎಸ್‌ಎಸ್ 0.92ಕ್ಕೆ, ಒಂದು ಹೊಸ ಅಂಶ ಸೇರಿಸಿದ. ನಮ್ಮ ಕಚೇರಿ ಪತ್ರಗಳ ಕೆಳಗೆ 'ಲಗತ್ತು' ಎಂದು ಬರೆಯುತ್ತಾರಲ್ಲ, ಹಾಗೆ. ಫೈಲು ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಗೆಯದು: ಈ ಮೂರೇ ವಿವರ. 2001ರ ಜನವರಿಯಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ಒಂದು ಹಾಡನ್ನು ಲಗತ್ತಿಸಿ ತೋರಿಸಿದ್ದೂ ಆಯಿತು. ಆಮೇಲೆ ಎರಡು ವರ್ಷ ಹೆಚ್ಚೇನೂ ನಡೆಯಲಿಲ್ಲ. ಫೈಲು ಕಂಪ್ಯೂಟರಿಗೆ ಬಂದರೂ, ಅದರ ಮುಂದೆ ಕುಳಿತು ಭಾಷಣ ಕೇಳುವ ತಾಳ್ಮೆ ಯಾರಿಗಿತ್ತು?

2001ರ ಅಕ್ಟೋಬರಿನಲ್ಲಿ ಆಪಲ್ ಜೇಬಿನಲ್ಲಿಟ್ಟುಕೊಂಡು ಕೇಳುವ ಐಪಾಡ್ ತಂದಿತು, 5 ಜಿಬಿಯದ್ದು. 2003ರಲ್ಲಿ ಹಾರ್ವರ್ಡ್‌ನಲ್ಲಿ ಕ್ರಿಸ್ಟಫರ್ ಲೈಡನ್ ಎಂಬ ಹಳೆಯ ರೇಡಿಯೋ ಪತ್ರಕರ್ತ ಮಾಡಿದ ಸಂದರ್ಶನಗಳನ್ನು ವೈನರ್ ಫೀಡಿಗೆ ಹಾಕಿದ. ಆ ಅಕ್ಟೋಬರಿನಲ್ಲಿ ಅಲ್ಲಿಯೇ ನಡೆದ ಸಮ್ಮೇಳನವೊಂದರಲ್ಲಿ ಕೆವಿನ್ ಮಾರ್ಕ್ಸ್ ಒಂದು ಪುಟ್ಟ ಪ್ರೋಗ್ರಾಂ ತೋರಿಸಿದ. ಅದು ಫೀಡು ಓದಿ, ಲಗತ್ತನ್ನು ಇಳಿಸಿ, ಆಪಲ್‌ನ ಐಟ್ಯೂನ್ಸ್ ತಂತ್ರಾಂಶಕ್ಕೆ ಒಪ್ಪಿಸುತ್ತಿತ್ತು. ಅಲ್ಲಿಂದ ಅದು ಐಪಾಡ್‌ಗೆ ಹೋಗುತ್ತಿತ್ತು. ಅಲ್ಲಿಗೆ ಸರಪಳಿ ಪೂರ್ತಿಯಾಯಿತು. ಕರಿ ತಾನೂ ಅಂಥದೊಂದನ್ನು ಬರೆದ. ವೃತ್ತಿಯಲ್ಲಿ ಅವನು ಪ್ರೋಗ್ರಾಮರ್ ಅಲ್ಲ, ಹಾಗಾಗಿ ಅದನ್ನು ತಿದ್ದಲು ತಿಳಿದವರು ಬೇಕಿತ್ತು. 2004ರ ಆಗಸ್ಟಿನಲ್ಲಿ ಅವನು ಆರಂಭಿಸಿದ 'ಡೈಲಿ ಸೋರ್ಸ್ ಕೋಡ್' ಕಾರ್ಯಕ್ರಮ ಮೊದಮೊದಲು ಮಾತಾಡಿದ್ದು ಅಂಥವರ ಜೊತೆಗೇ. ಐಪಾಡರ್ ಮುಂತಾದ ಹೆಸರುಗಳ ತಂತ್ರಾಂಶಗಳು ಆ ಗುಂಪಿನಿಂದ ಹೊರಟವು. ಪಾಡ್‌ಕಾಸ್ಟಿಂಗ್ ಎಂಬ ಹೆಸರನ್ನು ಅದೇ ವರ್ಷದ ಫೆಬ್ರವರಿಯಲ್ಲೇ ಬೆನ್ ಹ್ಯಾಮರ್ಸ್‌ಲಿ 'ಗಾರ್ಡಿಯನ್' ಪತ್ರಿಕೆಯಲ್ಲಿ ಬರೆದಿದ್ದ.

2005ರ ಜೂನ್ 28ರಂದು, ಪಾಡ್‌ಕಾಸ್ಟ್‌ಗಳಿಗೆ ಚಂದಾ ಮಾಡುವ ಸೌಲಭ್ಯದೊಂದಿಗೆ, ಐಟ್ಯೂನ್ಸ್ 4.9 ಬಂತು. ಎರಡೇ ದಿನದಲ್ಲಿ ಹತ್ತು ಲಕ್ಷ ಚಂದಾಗಳಾದವು ಎಂದು ಆಪಲ್ ಪ್ರಕಟಿಸಿತು. ಚಂದಾ ಅಂದರೆ ದುಡ್ಡು ಕೊಡುವುದಲ್ಲ, 'ಬಂದಿದ್ದನ್ನೆಲ್ಲ ತಂದಿಡು' ಎಂಬ ಅಪ್ಪಣೆ. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ತರುವ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದಾಯಿತು, ಕೇಳುವ ಕೆಲಸವನ್ನು ವಹಿಸುವಂತಿಲ್ಲವಲ್ಲ. ಹತ್ತು ಕಾರ್ಯಕ್ರಮಕ್ಕೆ ಚಂದಾ ಮಾಡಿ ಒಂದು ವಾರ ಊರಿಗೆ ಹೋಗಿ ಬಂದವನ ಹಾರ್ಡ್ ಡಿಸ್ಕ್ ಸಂತೆಯ ಮಾರನೆಯ ದಿನದ ಮೈದಾನದಂತಿರುತ್ತಿತ್ತು.

ಐಟ್ಯೂನ್ಸ್ ಇದಕ್ಕೆ ಕೊಟ್ಟ ಉತ್ತರಗಳು ಆಮೇಲೆ ಬಂದ ಬಹುಪಾಲು ಪ್ಲೇಯರ್‌ಗಳಲ್ಲಿ ಉಳಿದುಕೊಂಡಿವೆ. ಮೂರು ಪ್ರಶ್ನೆ. ಎಷ್ಟು ಹೊತ್ತಿಗೊಮ್ಮೆ ವಿಚಾರಿಸಲಿ? ಹೊಸದು ಕಂಡರೆ ಎಲ್ಲವನ್ನೂ ತರಲೋ, ತೀರಾ ಇತ್ತೀಚಿನದೊಂದನ್ನು ಮಾತ್ರವೋ? ತಂದಿದ್ದರಲ್ಲಿ ಎಷ್ಟನ್ನು ಇಟ್ಟುಕೊಳ್ಳಲಿ: ಎಲ್ಲವನ್ನೂ, ಕೇಳದೆ ಉಳಿದದ್ದನ್ನಷ್ಟೇ, ಇಲ್ಲವೇ ಕೊನೆಯ ಕೆಲವನ್ನು? ಇವುಗಳ ಜೊತೆ ಅದು ಇನ್ನೂ ಒಂದು ಮಾಡುತ್ತಿತ್ತು. ಒಂದು ಕಾರ್ಯಕ್ರಮದ ಕಂತುಗಳನ್ನು ನೀವು ಕೇಳುತ್ತಲೇ ಇಲ್ಲ ಎಂದು ಕಂಡರೆ, ಅದರ ಹೆಸರಿನ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಇದನ್ನು ತರುವುದು ನಿಲ್ಲಿಸಿದ್ದೇನೆ, ಮುಂದುವರಿಸಲೇ ಎಂದು ಕೇಳುತ್ತಿತ್ತು. ಅನೇಕರಿಗೆ ಇದು ಕಿರಿಕಿರಿ. ನನ್ನ ಮಟ್ಟಿಗೆ ಇಡೀ ತಂತ್ರಾಂಶದಲ್ಲಿ ಇಷ್ಟು ಮರ್ಯಾದೆಯ ನಡವಳಿಕೆ ಇನ್ನೊಂದಿರಲಿಲ್ಲ.

ಇದು ಹೊಸ ಕಂತು ಎಂದು ಪ್ಲೇಯರ್‌ಗೆ ಗೊತ್ತಾಗುವುದು ಹೇಗೆ? ಪ್ರತಿ ಕಂತಿಗೂ ಫೀಡಿನಲ್ಲಿ ಒಂದು ಗುರುತು ಇರುತ್ತದೆ, ಆಧಾರ್ ಸಂಖ್ಯೆಯಂತೆ ಬದಲಾಗಬಾರದ್ದು. ಕಾರ್ಯಕ್ರಮದವರು ಸರ್ವರ್ ಬದಲಾಯಿಸುವಾಗ ಎಡವಿ ಈ ಗುರುತುಗಳನ್ನು ಬದಲಿಸಿಬಿಟ್ಟರೆ, ಹಳೆಯ ಕಂತುಗಳೆಲ್ಲ ಹೊಸವೆಂದು ತಿಳಿದು ಪ್ಲೇಯರು ನೂರಾರು ಕಂತುಗಳನ್ನು ಮತ್ತೆ ಎಳೆಯತೊಡಗುತ್ತದೆ. ಪಾಪ, ಅದರ ತಪ್ಪೇನಿಲ್ಲ.

ಐಟ್ಯೂನ್ಸ್ 4.9 ಬಂದ ಹೊತ್ತಿಗೆ ನಮ್ಮಲ್ಲಿ ಬೇರೆಯದೇ ಲೆಕ್ಕ ನಡೆದಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂತು, ವೇಗ 256 ಕೆಬಿಪಿಎಸ್. 250 ರೂಪಾಯಿಯ ಪ್ಲಾನಿನಲ್ಲಿ ತಿಂಗಳಿಗೆ 400 ಎಂಬಿ. ಅರ್ಧ ಗಂಟೆಯ ಹದಿಮೂರು ಕಂತು ಇಳಿಸಿದರೆ ತಿಂಗಳ ಪಾಲು ಹೆಚ್ಚುಕಡಿಮೆ ಖಾಲಿ. ಐನೂರರ ಪ್ಲಾನಿನವರಿಗೆ ಮಾತ್ರ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಲೆಕ್ಕವಿಲ್ಲದ ಡೌನ್‌ಲೋಡು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ರಾತ್ರಿಯಿಡೀ ಸಿಪಿಯು ಫ್ಯಾನ್ ಗುಂಯ್‌ಗುಟ್ಟುತ್ತಿದ್ದುದು ಇದಕ್ಕೇ. ಮಲಗಿರುವಾಗ ತಂದಿಡುವುದು ಕರಿಯ ಮೂಲ ವಿಚಾರವೇ ಆಗಿತ್ತಲ್ಲ! ಆದರೆ ಐಟ್ಯೂನ್ಸ್ ಎಷ್ಟು ಹೊತ್ತಿಗೊಮ್ಮೆ ಎಂದು ಕೇಳುತ್ತಿತ್ತೇ ಹೊರತು ಎಷ್ಟು ಗಂಟೆಗೆ ಎಂದು ಕೇಳುತ್ತಿರಲಿಲ್ಲ. ಹಗಲಿನಲ್ಲೇ ವಿಚಾರಿಸಿ, ಹಗಲಿನಲ್ಲೇ ಇಳಿಸಿ, ಬಿಲ್ಲು ಏರಿಸುತ್ತಿತ್ತು. ಹಾಗಾಗಿ ತಿಳಿದವರು ಸ್ವಯಂಚಾಲಿತ ಡೌನ್‌ಲೋಡನ್ನು ಬಂದ್ ಮಾಡಿ, ಸಮಯ ನಿಗದಿ ಮಾಡಬಹುದಾದ ಡೌನ್‌ಲೋಡ್ ಮ್ಯಾನೇಜರ್‌ಗಳಲ್ಲಿ ಎರಡು ಗಂಟೆಗೆ ಅಲಾರಂ ಇಟ್ಟಂತೆ ಇಡುತ್ತಿದ್ದರು.

2012ರಲ್ಲಿ ಆಪಲ್ ಪಾಡ್‌ಕಾಸ್ಟಿಗೇ ಬೇರೆ ಆ್ಯಪ್ ಮಾಡಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2019ರಲ್ಲಿ 'ತಲೆ-ಹರಟೆ' ಕನ್ನಡ ಪಾಡ್‌ಕಾಸ್ಟ್ ಶುರುವಾಗುವ ಹೊತ್ತಿಗೆ, ಇಳಿಸಿಕೊಳ್ಳದೆ ನೇರವಾಗಿ ಕೇಳುವುದೇ ನಮ್ಮಲ್ಲಿ ರೂಢಿಯಾಗಿತ್ತು. ಹಾಗಿದ್ದರೆ ಸ್ವಯಂಚಾಲಿತ ಡೌನ್‌ಲೋಡ್ ಸಾಯಬೇಕಿತ್ತು. ಅದು ಸಾಯಲಿಲ್ಲ, ಏಕೆಂದರೆ ಅದಕ್ಕೆ ಹೊಸದೊಂದು ಉಪಯೋಗ ಸಿಕ್ಕಿತ್ತು: ಜಾಹೀರಾತು.

ಜಾಹೀರಾತುದಾರರಿಗೆ ಎಷ್ಟು ಜನ ಕೇಳಿದರು ಎಂದು ಹೇಳಬೇಕು. ಫೀಡಿನ ವ್ಯವಸ್ಥೆಯಲ್ಲಿ ಫೈಲು ಹೋದದ್ದು ಗೊತ್ತಾಗುತ್ತದೆ, ಆಮೇಲೆ ಕಿವಿಗೆ ಬಿತ್ತೇ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಡೌನ್‌ಲೋಡನ್ನೇ ಎಣಿಸಿದರು. ಒಂದು ನಿಮಿಷದಷ್ಟಾದರೂ ಇಳಿದಿರಬೇಕು, ಒಂದೇ ಸಾಧನ 24 ಗಂಟೆಯಲ್ಲಿ ಎರಡು ಸಲ ಇಳಿಸಿದರೆ ಒಂದೇ ಎಂದು ಹಿಡಿಯಬೇಕು, ಇಂಥ ನಿಯಮಗಳನ್ನು ಅಮೆರಿಕದ ಜಾಹೀರಾತು ಉದ್ಯಮದ ಸಂಸ್ಥೆ ಐಎಬಿ ರೂಪಿಸಿತು. ಒಳ್ಳೆಯ ನಿಯಮಗಳೇ. ಆದರೆ ನಿಮ್ಮ ಫೋನಿನಲ್ಲಿ ರಾತ್ರಿ ಇಳಿದು, ಯಾರೂ ಮುಟ್ಟದೆ ಅಳಿದುಹೋದ ಕಂತಿಗೂ ಅಲ್ಲಿ ಬೆಲೆ ಇತ್ತು. ಬಂದದ್ದನ್ನು ಕೇಳಿದ್ದೆಂದು ಲೆಕ್ಕ ಹಾಕಿದ ಮೇಲೆ, ಬೇಡದ್ದು ಬಾರದಂತೆ ನೋಡಿಕೊಳ್ಳುವ ಆತುರ ಉದ್ಯಮದಲ್ಲಿ ಯಾರಿಗಿರುತ್ತದೆ?

2023ರ ಸೆಪ್ಟೆಂಬರಿನಲ್ಲಿ ಐಫೋನಿನ ಐಓಎಸ್ 17 ಬಂದಾಗ ಆಪಲ್ ಇದನ್ನು ಸರಿಪಡಿಸಿತು. ಅಲ್ಲಿಯವರೆಗೆ, ಒಂದು ಕಾರ್ಯಕ್ರಮವನ್ನು ಕೆಲಕಾಲ ಬಿಟ್ಟವನು ಮತ್ತೆ ಒಂದು ಕಂತು ಒತ್ತಿದರೆ, ನಡುವೆ ತಪ್ಪಿದ್ದನ್ನೆಲ್ಲ ಆ್ಯಪು ತಂದು ಸುರಿಯುತ್ತಿತ್ತು. ಅದನ್ನು ನಿಲ್ಲಿಸಿದ್ದೇ ತಡ, ಅಮೆರಿಕದ ದೊಡ್ಡ ದೊಡ್ಡ ಕಾರ್ಯಕ್ರಮಗಳ ಅಂಕಿ ಕುಸಿಯಿತು. ದಿನಾ ಬರುವ, ಹಳೆಯ ಕಂತುಗಳ ರಾಶಿಯಿರುವ ಕಾರ್ಯಕ್ರಮಗಳಿಗೆ ಹೆಚ್ಚು ಪೆಟ್ಟು. ಕೇಳುಗರು ಎಲ್ಲೂ ಹೋಗಿರಲಿಲ್ಲ.

ಇಷ್ಟಾದರೂ ಈ ಏರ್ಪಾಟನ್ನು ಪೂರ್ತಿ ಆರಿಸಿಬಿಡಿ ಎಂದು ನಾನು ಹೇಳಲಾರೆ. ಶಿರಾಡಿ ಘಾಟಿಯಲ್ಲಿ ಬಸ್ಸು ಇಳಿಯುವಾಗ ಸಿಗ್ನಲ್ಲು ಮಾಯವಾಗಿ ಮಾತು ಅರ್ಧಕ್ಕೆ ನಿಂತರೆ, ಮೊದಲೇ ಇಳಿಸಿಟ್ಟ ಕಂತಿನ ಬೆಲೆ ತಿಳಿಯುತ್ತದೆ. ವೈಫೈ ಇದ್ದಾಗ ಮಾತ್ರ ಇಳಿಯಲಿ. ಸುದ್ದಿಯ ಕಾರ್ಯಕ್ರಮಕ್ಕೆ ಕೊನೆಯ ಒಂದು ಕಂತು ಸಾಕು, ನಿನ್ನೆಯದು ಯಾರಿಗೆ ಬೇಕು? ಕಥೆಯ ಧಾರಾವಾಹಿಯಾದರೆ ಎಲ್ಲವೂ ಬೇಕು, ಹಳೆಯದು ಮೊದಲು. ಆಂಟೆನಾಪಾಡ್‌ನಂಥ ಉಚಿತ ಆ್ಯಪುಗಳಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಬೇರೆ ಬೇರೆ ಆಯ್ಕೆ ಇಡಬಹುದು. ಇನ್ನೊಂದು ಮಾತು: 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ, ಜನ ತಮ್ಮ ಚಂದಾ ಪಟ್ಟಿಯನ್ನು ಓಪಿಎಂಎಲ್ ಎಂಬ ಪುಟ್ಟ ಫೈಲಾಗಿ ಹೊರತೆಗೆದು ಬೇರೆ ಆ್ಯಪಿಗೆ ಸಾಗಿಸಿದರು. ಆ ಫೈಲಿನ ವಿನ್ಯಾಸವೂ ವೈನರ್‌ದೇ. ನಿಮ್ಮ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ 'ಎಕ್ಸ್‌ಪೋರ್ಟ್' ಎಂದು ಇದ್ದರೆ, ಆ ಪಟ್ಟಿಯನ್ನು ಇವತ್ತೇ ಒಮ್ಮೆ ತೆಗೆದಿಟ್ಟುಕೊಳ್ಳಿ.